ಮಕ್ಕಳು ಕರೆದ ಹಿಮದ ಬೆಟ್ಟಕ್ಕೆ ಹೊರಡುವ ಮುನ್ನ

ಆರೋಗ್ಯ ಪ್ರಶ್ನೋತ್ತರ

ಕಮಠಾಣ, ಭಾಲ್ಕಿ, ಔರಾದ್, ಬೀದರ್‌ನಿಂದ ಬಂದ ಪತ್ರಗಳಲ್ಲಿ ಒಂದೇ ವಿಷಯದವನ್ನು ಈ ಸಲ ಒಟ್ಟಿಗೆ ಎತ್ತಿಕೊಂಡಿದ್ದೇನೆ. ಮಗನೋ ಮಗಳೋ ಜಿನೀವಾ, ಜ್ಯೂರಿಕ್, ಮಿಲಾನ್ ಕಡೆ ನೌಕರಿಯಲ್ಲಿದ್ದಾರೆ. ಚಳಿಗಾಲದ ರಜೆಗೆ ಮನೆಯವರನ್ನು ಕರೆಸಿಕೊಂಡು ಆಲ್ಪ್ಸ್ ಪರ್ವತದಲ್ಲಿ ಎರಡು ದೇಶಗಳ ನಡುವೆ ಹಬ್ಬಿರುವ ಸ್ಕೀ ತಾಣಗಳನ್ನು ತೋರಿಸಬೇಕೆಂದಿದ್ದಾರೆ. ಪತ್ರ ಬರೆದವರಲ್ಲಿ ಹೆಚ್ಚಿನವರಿಗೆ ಚಳಿಯದೇ ಚಿಂತೆ. ಚಳಿಗೆ ಸ್ವೆಟರ್ ಇದೆ, ಕೋಟು ಇದೆ. ವೈದ್ಯನಾಗಿ ನನಗಿರುವ ಚಿಂತೆ ಎತ್ತರದ್ದು. ಅದಕ್ಕಿಂತಲೂ, ಆ ಎತ್ತರವನ್ನು ಎಷ್ಟು ಅವಸರದಲ್ಲಿ ಏರುತ್ತೀರಿ ಎನ್ನುವುದರದ್ದು.

ಪ್ರಶ್ನೆ: ಡಾಕ್ಟರ್ ಸಾಹೇಬ್ರೆ, ನನಗ 66 ವರ್ಷ. ಮಗ ಜರ್ಮಾಟ್‌ಗೆ ಕರ್ಕೊಂಡು ಹೋಗ್ತೀನಂತಾನ. ಮುಂಜಾನೆ ಸ್ವಿಟ್ಜರ್ಲೆಂಡ್‌ನಾಗ ಹತ್ತಿ, ಮಧ್ಯಾಹ್ನ ಇಟಲಿಯಾಗ ಊಟ ಮಾಡಿ, ಸಂಜೀಕ ಹೊಳ್ಳಿ ಬರೋದಂತ. ಬಿಪಿ ಗುಳಿಗಿ ಒಂದೇ ಅದ. ಹೋದ ವರ್ಷ ಕೇದಾರನಾಥ ನಡ್ಕೋತ ಹತ್ತಿ ಬಂದೀನಿ, ಏನೂ ಆಗಿಲ್ಲ. ಹಂಗಿದ್ದ ಮ್ಯಾಲ ಇಲ್ಲಿ ಹೆದರಿಕಿ ಅದ ಏನ್ರಿ?
— ನಿವೃತ್ತ ಶಿಕ್ಷಕರು, ಕಮಠಾಣ

ಉತ್ತರ: ಗುರುಗಳೇ, ಕೇದಾರನಾಥ ನಡೆದು ಹತ್ತಿದ್ದೀರಿ ಎಂದರೆ ಹೃದಯ, ಶ್ವಾಸಕೋಶ ಎರಡೂ ಗಟ್ಟಿಯಾಗಿವೆ ಎಂದಾಯಿತು. ಆದರೆ ಅಲ್ಲಿ ನಿಮ್ಮನ್ನು ಕಾಪಾಡಿದ್ದು ನಿಮ್ಮ ಕಾಲುಗಳು. ಸುಮಾರು 2,000 ಮೀಟರ್ ಎತ್ತರದ ಗೌರಿಕುಂಡದಿಂದ 3,583 ಮೀಟರ್‌ನ ಕೇದಾರನಾಥಕ್ಕೆ ಏರಲು ಇಡೀ ದಿನ ಹಿಡಿಯುತ್ತದೆ. ಆ ಹೊತ್ತಿನಲ್ಲಿ ಉಸಿರು ತನ್ನ ಲಯ ಬದಲಿಸಿಕೊಳ್ಳುತ್ತದೆ. ಜರ್ಮಾಟ್ ಊರು ಇರುವುದು ಸುಮಾರು 1,600 ಮೀಟರ್‌ನಲ್ಲಿ. ಅಲ್ಲಿಂದ ಕೇಬಲ್ ಕಾರ್ ನಿಮ್ಮನ್ನು ಒಂದು ಗಂಟೆಯೊಳಗೆ 3,883 ಮೀಟರ್‌ನ ಕ್ಲೈನ್ ಮ್ಯಾಟರ್‌ಹಾರ್ನ್ ನಿಲ್ದಾಣಕ್ಕೆ ಮುಟ್ಟಿಸುತ್ತದೆ. 2023ರ ಜುಲೈಯಿಂದ ಅಲ್ಲಿಂದಾಚೆ ಇಟಲಿಯ ಚೆರ್ವಿನಿಯಾ ಕಡೆಗೂ ಕೇಬಲ್ ಕಾರ್ ಇರುವುದರಿಂದ, ಸ್ಕೀ ಬಾರದವರೂ ಗಡಿ ದಾಟಬಹುದು. ಕೇದಾರನಾಥಕ್ಕಿಂತ 300 ಮೀಟರ್ ಹೆಚ್ಚಿನ ಎತ್ತರಕ್ಕೆ ಕುಳಿತಲ್ಲೇ ಹೋಗುತ್ತೀರಿ. ನಮ್ಮ ಬೀದರ್ ಇರುವುದು ಸುಮಾರು 700 ಮೀಟರ್‌ನಲ್ಲಿ. ಇಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕದ ಮೂರರಲ್ಲಿ ಎರಡು ಪಾಲು ಮಾತ್ರ ಅಲ್ಲಿ ಸಿಗುತ್ತದೆ.

ಎತ್ತರದ ಬಾಧೆ ಸಾಮಾನ್ಯವಾಗಿ 2,500 ಮೀಟರ್ ದಾಟಿದ ಮೇಲೆ ಕಾಣಿಸುತ್ತದೆ. ಅದೂ ಹೋದೊಡನೆ ಬರುವುದಿಲ್ಲ, ಆರರಿಂದ ಹನ್ನೆರಡು ಗಂಟೆ ಕಳೆದ ಮೇಲೆ ಬರುತ್ತದೆ. ತಲೆನೋವು, ವಾಕರಿಕೆ, ತಲೆಸುತ್ತು, ನಿದ್ದೆ ಬಾರದಿರುವುದು ಅದರ ಲಕ್ಷಣಗಳು. ಮೇಲೆ ಒಂದು ಗಂಟೆ ನಿಂತು ಇಳಿದುಬಿಟ್ಟರೆ ಬಹುಮಂದಿಗೆ ಏನೂ ಆಗದು. ನೀವು ಮೊದಲ ಎರಡು ರಾತ್ರಿ ಜರ್ಮಾಟ್‌ನಲ್ಲೇ ಮಲಗಿ, ಮೂರನೆಯ ದಿನ ಏರಿ. ನಡುವೆ 2,939 ಮೀಟರ್‌ನ ಟ್ರೋಕನರ್ ಸ್ಟೇಗ್ ನಿಲ್ದಾಣದಲ್ಲಿ ಇಳಿದು, ಚಹಾ ಕುಡಿದು, ಮೈ ಹೇಗಿದೆ ನೋಡಿಕೊಂಡು ಮುಂದೆ ಹೋಗಿ. ಮೇಲೆ ಮೆಟ್ಟಿಲುಗಳನ್ನು ನಿಧಾನವಾಗಿ ಹತ್ತಿ. ಕುಳಿತಿದ್ದಾಗಲೂ ಏದುಸಿರು, ನಡಿಗೆಯಲ್ಲಿ ತೂರಾಟ, ಮಾತಿನಲ್ಲಿ ಗೊಂದಲ — ಇವುಗಳಲ್ಲಿ ಒಂದು ಕಂಡರೂ ಕೂಡಲೇ ಕೆಳಗಿಳಿಯಬೇಕು. ರಾತ್ರಿ ಕಳೆಯಲಿ, ಬೆಳಗ್ಗೆ ನೋಡೋಣ ಎನ್ನಬಾರದು. ಎತ್ತರದ ಬಾಧೆ ತಡೆಯಲು ಅಸೆಟಜೋಲಮೈಡ್ ಎಂಬ ಮಾತ್ರೆ ಇದೆ, ಆದರೆ ಸಲ್ಫಾ ಔಷಧಿ ಆಗದವರಿಗೆ ಅದು ತೊಂದರೆ ಕೊಡಬಹುದು. ವೈದ್ಯರನ್ನು ಕೇಳದೆ ಅಂಗಡಿಯಿಂದ ಕೊಳ್ಳಬೇಡಿ. ಚಳಿ, ಎತ್ತರ ಎರಡೂ ಬಿಪಿ ಏರಿಸುತ್ತವೆ. ಹೊರಡುವ ಎರಡು ವಾರ ಮುಂಚೆ ಮನೆಯಲ್ಲೇ ಬಿಪಿ ನೋಡಿ ಬರೆದಿಟ್ಟುಕೊಳ್ಳಿ.

ಪ್ರಶ್ನೆ: ನನಗೆ 58. ಹತ್ತು ವರ್ಷದಿಂದ ಸಕ್ಕರೆ ಕಾಯಿಲೆ, ದಿನಕ್ಕೆ ಎರಡು ಸಲ ಇನ್ಸುಲಿನ್. ಪಾದ ಜುಮ್ಮೆನ್ನುತ್ತವೆ. ಮಗಳು ಬಾ ಅಂತಾಳೆ, ಮನೆಯವರು ಬೇಡ ಅಂತಾರೆ. ಹೋಗಬಹುದೇ?
— ಗೃಹಿಣಿ, ಭಾಲ್ಕಿ

ಉತ್ತರ: ಹೋಗಿಬನ್ನಿ ತಾಯಿ. ಆದರೆ ಇನ್ಸುಲಿನ್, ಪಾದ ಎರಡನ್ನೂ ಚಳಿಯಿಂದ ಕಾಯಬೇಕು.

ಇನ್ಸುಲಿನ್ ಹೆಪ್ಪುಗಟ್ಟಿದರೆ ಕೆಟ್ಟಂತೆಯೇ. ಕರಗಿದ ಮೇಲೆ ಮೊದಲಿನಂತೆ ಕಂಡರೂ ಎಸೆಯಬೇಕು. ವಿಮಾನದಲ್ಲಿ ಅದನ್ನು ದೊಡ್ಡ ಸೂಟ್‌ಕೇಸಿಗೆ ಹಾಕದೆ ವೈದ್ಯರ ಚೀಟಿಯ ಜೊತೆ ಕೈಚೀಲದಲ್ಲಿಡಿ. ಹಿಮದ ಮೇಲೆ ಹೋದಾಗ ಬೆನ್ನಚೀಲ ಬೇಡ, ಕೋಟಿನ ಒಳಜೇಬಿನಲ್ಲಿ ಮೈಗೆ ತಾಗುವಂತೆ ಇರಲಿ. ಗ್ಲೂಕೋಮೀಟರ್ ಕೂಡ ಅಲ್ಲೇ ಇರಲಿ, ತೀರ ತಣ್ಣಗಾದರೆ ಅದೂ ಸರಿಯಾಗಿ ತೋರಿಸುವುದಿಲ್ಲ. ಚಳಿಗಾಲದಲ್ಲಿ ಅಲ್ಲಿನ ಗಡಿಯಾರ ನಮ್ಮದಕ್ಕಿಂತ ನಾಲ್ಕೂವರೆ ಗಂಟೆ ಹಿಂದೆ. ಪ್ರಯಾಣದ ದಿನ ಉದ್ದವಾಗುವುದರಿಂದ ಆ ದಿನದ ಇನ್ಸುಲಿನ್ ಎಷ್ಟು, ಎಷ್ಟು ಹೊತ್ತಿಗೆ ಎಂದು ನಿಮ್ಮ ವೈದ್ಯರಿಂದ ಕಾಗದದ ಮೇಲೆ ಬರೆಸಿಕೊಳ್ಳಿ.

ಮೈ ನಡುಗಿದರೆ ಚಳಿ ಎಂದು ಸುಮ್ಮನಾಗಬೇಡಿ. ಸಕ್ಕರೆ ಇಳಿದರೂ ನಡುಕ ಬರುತ್ತದೆ, ಹಿಮದಲ್ಲಿ ಎರಡನ್ನೂ ಬೇರೆ ಮಾಡುವುದು ಕಷ್ಟ. ಕೂಡಲೇ ಪರೀಕ್ಷಿಸಿ; ಪರೀಕ್ಷೆ ಆಗದಿದ್ದರೆ ಮೊದಲು ಗ್ಲೂಕೋಸ್ ಅಥವಾ ಸಕ್ಕರೆ ಬಾಯಿಗೆ ಹಾಕಿಕೊಳ್ಳಿ. ಅಲ್ಲಿ ಬಿಸಿಬಿಸಿಯಾಗಿ, ದಾಲ್ಚಿನ್ನಿ ಲವಂಗ ಹಾಕಿ ಕೊಡುವ ಕೆಂಪು ಪಾನೀಯ ಕಷಾಯವಲ್ಲ, ಸಕ್ಕರೆ ಬೆರೆಸಿದ ವೈನ್. ಕೇಳಿಯೇ ಕುಡಿಯಿರಿ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಗುಂಪಿನ ಮಾತ್ರೆ ನಡೆದಿದ್ದರೆ, ವಾಂತಿಯಾಗಿ ಊಟ ಬಿಟ್ಟ ದಿನ ಅದನ್ನು ನಿಲ್ಲಿಸಿ ವೈದ್ಯರಿಗೆ ಫೋನ್ ಮಾಡಬೇಕು.

ಪಾದ ಜುಮ್ಮೆನ್ನುತ್ತದೆ ಎಂದರೆ ನರಗಳು ಸೋತಿವೆ. ಬೂಟು ಕಚ್ಚಿದರೂ ಚಳಿ ತಿಂದರೂ ನಿಮಗೆ ಗೊತ್ತಾಗುವುದಿಲ್ಲ. ಬಾಡಿಗೆಯ ಗಟ್ಟಿ ಸ್ಕೀ ಬೂಟು ನಿಮಗೆ ಬೇಡ. ಉಣ್ಣೆಯ ಕಾಲುಚೀಲ, ಬೆರಳಾಡಿಸಲು ಜಾಗವಿರುವ ಬೂಟು ಸಾಕು. ಪ್ರತಿ ಸಂಜೆ ಮಗಳಿಗೆ ಪಾದ ತೋರಿಸಿ. ಬೆರಳು ಬೆಳ್ಳಗಾಗಿ ಮರಗಟ್ಟಿದ್ದರೆ ಉಜ್ಜಬಾರದು. ನಮ್ಮೂರಲ್ಲಿ ಬೆಂಕಿ ಕಾಯಿಸಿಕೊಂಡಂತೆ ಹೀಟರ್ ಮುಂದೆಯೂ ಹಿಡಿಯಬಾರದು, ಸುಟ್ಟದ್ದು ತಿಳಿಯದೇ ಹೋಗುತ್ತದೆ. ಮಗಳು ಕೈಯಿಟ್ಟು ನೋಡಿದ ಉಗುರುಬೆಚ್ಚನೆಯ ನೀರಿನಲ್ಲಿ ಪಾದ ಇಳಿಬಿಡಿ, ಬಳಿಕ ವೈದ್ಯರಿಗೆ ತೋರಿಸಿ.

ಬುತ್ತಿಗೆ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಒಯ್ಯಿರಿ. ಪೇಡೆ, ತುಪ್ಪ, ಖವಾದ ಸಿಹಿ ಬೇಡ. ಹೊರದೇಶದ ಹಾಲಿನ ಪದಾರ್ಥ ಒಳಗೆ ತರಲು ಅಲ್ಲಿನ ಕಸ್ಟಮ್ಸ್ ಬಿಡುವುದಿಲ್ಲ.

ಪ್ರಶ್ನೆ: ನಾಲ್ಕು ತಿಂಗಳ ಹಿಂದೆ ಸ್ಟೆಂಟ್ ಹಾಕಿಸಿಕೊಂಡಿದ್ದೇನೆ. ವಯಸ್ಸು 61. ದಿನಾ ಒಂದು ಗಂಟೆ ವಾಕಿಂಗ್. ಸ್ಕೀ ಕಲಿಯುವ ಆಸೆ ಇದೆ.
— ವ್ಯಾಪಾರಿ, ಬೀದರ್

ಉತ್ತರ: ಪ್ರವಾಸಕ್ಕೆ ಹೂಂ, ಸ್ಕೀಗೆ ಉಹೂಂ. ಸ್ಟೆಂಟ್ ಹಾಕಿಸಿಕೊಂಡವರು ಆಸ್ಪಿರಿನ್, ಕ್ಲೊಪಿಡೊಗ್ರೆಲ್‌ನಂಥ ರಕ್ತ ತೆಳುವಾಗಿಸುವ ಮಾತ್ರೆಗಳನ್ನು ನುಂಗುತ್ತಿರುತ್ತಾರೆ. ಕಲಿಯುವವರು ಬೀಳದೆ ಇರುವುದಿಲ್ಲ. ತಲೆಗೆ ಪೆಟ್ಟಾದರೆ ಒಳಗೆ ರಕ್ತ ಸೋರುವ ಅಪಾಯ ನಿಮಗೆ ಹೆಚ್ಚು. ಸ್ಕೀ ಸಲುವಾಗಿ ಮಾತ್ರೆ ಬಿಡುವ ಯೋಚನೆಯಂತೂ ಸುಳಿಯಬಾರದು. ಸ್ಟೆಂಟ್ ಕಟ್ಟಿಕೊಂಡರೆ ಪ್ರಾಣಕ್ಕೇ ಸಂಚಕಾರ.

ಹೊರಡುವ ಮುನ್ನ ಹೃದಯ ವೈದ್ಯರಲ್ಲಿ ಟ್ರೆಡ್‌ಮಿಲ್ ಪರೀಕ್ಷೆ ಮಾಡಿಸಿ. ಎರಡು ಮಹಡಿ ಮೆಟ್ಟಿಲನ್ನು ಎದೆನೋವಿಲ್ಲದೆ ಹತ್ತುವಿರಾದರೆ, ವರದಿ ಚೆನ್ನಾಗಿದ್ದರೆ, ಸುಮಾರು 2,500 ಮೀಟರ್‌ವರೆಗೆ ಹೋಗಿಬರಲು ಅವರು ಒಪ್ಪಬಹುದು. ಬೆಳಗಿನ ಕೊರೆಯುವ ಗಾಳಿಗೆ ಮುಖವೊಡ್ಡಿ ದಾಪುಗಾಲು ಹಾಕಬೇಡಿ. ಮೂಗು ಬಾಯಿಗೆ ಮಫ್ಲರ್ ಇರಲಿ. ನಾಲಗೆ ಕೆಳಗಿಡುವ ಗುಳಿಗೆಯನ್ನು ವೈದ್ಯರು ಬರೆದಿದ್ದರೆ ಜೇಬಿನಲ್ಲಿರಲಿ.

ಪ್ರಶ್ನೆ: ನನಗೆ 34. ಹಿಂದೆ ಸ್ಕೂಟಿಯಿಂದ ಬಿದ್ದು ಬಲ ಮೊಣಕಾಲು ಉಳುಕಿತ್ತು. ಮೈದುನ ಎಲ್ಲರಿಗೂ ಸ್ಕೀ ಶಾಲೆಗೆ ಹೆಸರು ಹಚ್ಚಿದ್ದಾನೆ.
— ಶಿಕ್ಷಕಿ, ಔರಾದ್

ಉತ್ತರ: ಸ್ಕೀಯಲ್ಲಿ ಹೆಚ್ಚು ಪೆಟ್ಟು ತಿನ್ನುವುದು ಮೊಣಕಾಲೇ. ಉದ್ದನೆಯ ಹಲಗೆ ಒಂದು ದಿಕ್ಕಿಗೆ, ಮೈ ಇನ್ನೊಂದು ದಿಕ್ಕಿಗೆ ತಿರುಗಿದಾಗ ಒಳಗಿನ ಅಸ್ಥಿರಜ್ಜು ಹರಿಯುತ್ತದೆ. ನಡೆಯುವಾಗ, ಮೆಟ್ಟಿಲಿಳಿಯುವಾಗ ಮೊಣಕಾಲು ಜಾರಿದಂತಾಗುತ್ತದೆಯೇ? ಹಾಗಿದ್ದರೆ ಮೊದಲು ಮೂಳೆ ವೈದ್ಯರಿಗೆ ತೋರಿಸಿ, ಹೆಸರು ತೆಗೆಸಿ. ಹಾಗೇನೂ ಇಲ್ಲವಾದರೆ ಎರಡು ತಿಂಗಳು ಮುಂಚಿನಿಂದ ತೊಡೆ ಗಟ್ಟಿ ಮಾಡಿಕೊಳ್ಳಿ. ಗರಡಿಯವರ ಬೈಠಕ್ ಇದಕ್ಕೆ ಒಳ್ಳೆಯ ವ್ಯಾಯಾಮ. ನೀವು ಪೂರ್ತಿ ಕೂರದೆ ಅರ್ಧಕ್ಕೆ ನಿಲ್ಲಿಸಿ. ಗೋಡೆಗೆ ಬೆನ್ನು ಕೊಟ್ಟು ಕುರ್ಚಿಯಂತೆ ನಿಲ್ಲುವುದು, ಒಂಟಿಕಾಲಲ್ಲಿ ನಿಲ್ಲುವುದು, ಮೆಟ್ಟಿಲು ಹತ್ತಿಳಿಯುವುದು — ಇವನ್ನೂ ಮಾಡಿ.

ಬೂಟನ್ನು ಹಲಗೆಗೆ ಹಿಡಿದಿಡುವ ಕೊಂಡಿ ಬಿದ್ದಾಗ ತಾನಾಗಿ ಬಿಚ್ಚಿಕೊಳ್ಳಬೇಕು. ಅದರ ಬಿಗಿಯನ್ನು ಅಂಗಡಿಯವನು ನಿಮ್ಮ ತೂಕ, ಎತ್ತರ, ವಯಸ್ಸು, ಅನುಭವ ಕೇಳಿ ಹೊಂದಿಸುತ್ತಾನೆ. ನಾಚಿಕೆಯಿಂದ ತೂಕ ಕಡಿಮೆ ಹೇಳಬೇಡಿ, ಜಂಬಕ್ಕೆ ‘ಸ್ಕೀ ಬರುತ್ತದೆ’ ಎನ್ನಬೇಡಿ. ದಣಿದ ಕಾಲು ಹೇಳಿದಂತೆ ಕೇಳುವುದಿಲ್ಲ. ‘ಇದೊಂದೇ ಕೊನೆಯ ಸುತ್ತು’ ಎನ್ನುವ ಮೊದಲೇ ನಿಲ್ಲಿಸಿ. ನಮ್ಮ ಭಾಗದ ಹೆಣ್ಣುಮಕ್ಕಳಲ್ಲಿ ರಕ್ತಹೀನತೆ ಸಾಮಾನ್ಯ, ಎತ್ತರದಲ್ಲಿ ಅದು ಬೇಗ ಏದುಸಿರು ತರುತ್ತದೆ. ಹಿಮೋಗ್ಲೋಬಿನ್ ಕಡಿಮೆ ಇದ್ದರೆ ಸರಿಪಡಿಸಲು ವಾರಗಳೇ ಬೇಕು, ಈಗಲೇ ಪರೀಕ್ಷೆ ಮಾಡಿಸಿ.

ಪ್ರಶ್ನೆ: ಅವ್ವನಿಗೆ ಹೋದ ತಿಂಗಳು ಕಣ್ಣಿನ ಪೊರೆ ತೆಗೆಸಿದ್ದೇವೆ. ಆರು ವರ್ಷದ ಮೊಮ್ಮಗನೂ ಜೊತೆಗಿದ್ದಾನೆ. ಕಪ್ಪು ಕನ್ನಡಕ ಸಾಕೇ?
— ಓದುಗರು, ಕಮಠಾಣ

ಉತ್ತರ: ಕಪ್ಪು ಬಣ್ಣ ಸಾಲದು, ಅತಿನೇರಳೆ ಕಿರಣ ತಡೆಯುವ ಗುಣ ಗಾಜಿಗಿರಬೇಕು, ಬದಿಯಿಂದಲೂ ಬೆಳಕು ನುಸುಳಬಾರದು. ಹೊಸ ಹಿಮ ಆ ಕಿರಣಗಳಲ್ಲಿ ಸುಮಾರು 80 ಪ್ರತಿಶತವನ್ನು ವಾಪಸ್ ಎಸೆಯುತ್ತದೆ. ಪ್ರತಿ 1,000 ಮೀಟರ್ ಏರಿದಂತೆ ಅವುಗಳ ತೀವ್ರತೆ ಹತ್ತು ಪ್ರತಿಶತದಷ್ಟು ಹೆಚ್ಚುತ್ತದೆ. ಮೋಡವಿದ್ದರೂ ಬಿಡುವುದಿಲ್ಲ. ಹಗಲು ಬರಿಗಣ್ಣಲ್ಲಿ ಆಡಿದ ಮಗು ರಾತ್ರಿ ಕಣ್ಣಲ್ಲಿ ಮರಳು ಬಿದ್ದಂತೆ ಅಳುತ್ತದೆ. ಅದು ಹಿಮಗುರುಡು, ಒಂದೆರಡು ದಿನದಲ್ಲಿ ವಾಸಿಯಾಗುತ್ತದೆ. ಕಣ್ಣುಜ್ಜಲು ಬಿಡದೆ, ಕತ್ತಲೆ ಕೋಣೆಯಲ್ಲಿಟ್ಟು ವೈದ್ಯರನ್ನು ಕಾಣಿ. ಮಗುವಿಗೆ ಹೆಲ್ಮೆಟ್ ಕಡ್ಡಾಯ. ಇಟಲಿಯಲ್ಲಿ 2025ರ ನವೆಂಬರ್‌ನಿಂದ ದೊಡ್ಡವರಿಗೂ ಕಾನೂನು ಅದೇ. ಅವ್ವನವರು ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರಿಂದ ಒಪ್ಪಿಗೆ ಪಡೆದೇ ವಿಮಾನ ಹತ್ತಲಿ.

ಪ್ರಶ್ನೆ: ವೀಸಾಕ್ಕೆಂದು ವಿಮೆ ಮಾಡಿಸಿದ್ದೇವೆ. ಮತ್ತೆ ಬೇರೆ ಬೇಕೇ?
— ಓದುಗರು, ಭಾಲ್ಕಿ

ಉತ್ತರ: ಆ ಕಾಗದವನ್ನು ಕನ್ನಡಕ ಹಾಕಿಕೊಂಡು ಓದಿ. ಷೆಂಗೆನ್ ವೀಸಾ ಕೇಳುವುದು ಕನಿಷ್ಠ 30,000 ಯೂರೋ ವಿಮೆ. ಹಲವು ಪಾಲಿಸಿಗಳು ಸ್ಕೀಯಂಥ ಆಟದ ಗಾಯವನ್ನೂ ಮೊದಲಿನಿಂದ ಇದ್ದ ಕಾಯಿಲೆಯನ್ನೂ ಹೊರಗಿಡುತ್ತವೆ. ಸ್ಕೀ, ಹಿಮದಿಂದ ಎತ್ತಿ ತರುವ ಖರ್ಚು, ಹೆಲಿಕಾಪ್ಟರ್, ಊರಿಗೆ ಮರಳಿಸುವ ವೆಚ್ಚ — ಇವೆಲ್ಲ ಎರಡೂ ದೇಶಗಳಿಗೆ ಅನ್ವಯವಾಗುವಂತೆ ಬರೆದಿರಬೇಕು. ಗಡಿಯ ಆಚೆ ಬಿದ್ದರೆ ಆಚೆಯ ಆಸ್ಪತ್ರೆಗೇ ಒಯ್ಯುತ್ತಾರೆ. ಇಟಲಿಯ ಇಳಿಜಾರಿನಲ್ಲಿ ಸ್ಕೀ ಮಾಡುವವರು ಬೇರೆಯವರಿಗೆ ಆಗುವ ಗಾಯಕ್ಕೂ ವಿಮೆ ಹೊಂದಿರಬೇಕೆಂಬುದು 2022ರಿಂದ ಕಡ್ಡಾಯ.

ಇನ್ನೊಂದನ್ನು ಯಾರೂ ಯೋಚಿಸುವುದಿಲ್ಲ. ಸಂಜೆ ಲಿಫ್ಟ್ ನಿಂತರೆ, ಗಾಳಿ ಎದ್ದು ಮಧ್ಯಾಹ್ನವೇ ನಿಲ್ಲಿಸಿದರೆ, ನೀವು ಒಂದು ದೇಶದಲ್ಲಿ, ರಾತ್ರಿಯ ಗುಳಿಗೆ ಇನ್ನೊಂದು ದೇಶದ ಹೋಟೆಲಿನಲ್ಲಿ. ಚೆರ್ವಿನಿಯಾದಿಂದ ಜರ್ಮಾಟ್‌ಗೆ ರಸ್ತೆಯಲ್ಲಿ ಹಲವು ಗಂಟೆಗಳ ಸುತ್ತು. ಆದ್ದರಿಂದ ಗಡಿ ದಾಟುವ ದಿನ ಒಂದು ದಿನದ ಔಷಧಿ, ಪಾಸ್‌ಪೋರ್ಟ್, ವಿಮೆಯ ನಕಲು, ಕಾಯಿಲೆ ಮತ್ತು ಔಷಧಿಯ ಹೆಸರಿರುವ ಇಂಗ್ಲಿಷ್ ಚೀಟಿ ಮೈಮೇಲೇ ಇರಲಿ. ತುರ್ತಿಗೆ ಸ್ವಿಟ್ಜರ್ಲೆಂಡ್, ಇಟಲಿ, ಫ್ರಾನ್ಸ್ ಮೂರೂ ದೇಶಗಳಲ್ಲಿ 112 ನಡೆಯುತ್ತದೆ.

ಪ್ರಶ್ನೆ: ನಮ್ಗ ಆಲ್ಪ್ಸ್ ಎಟುಕಲ್ಲ ಸರ್. ಗೆಳೆಯರು ಗುಲ್ಮಾರ್ಗ್‌ಗೆ ಹೊಂಟೀವಿ. ಇದೇ ಜಾಗ್ರತೆ ಬೇಕೇನ್ರಿ?
— ಕಾಲೇಜು ವಿದ್ಯಾರ್ಥಿ, ಔರಾದ್

ಉತ್ತರ: ಇದಕ್ಕಿಂತ ತುಸು ಹೆಚ್ಚೇ ಬೇಕಪ್ಪ. ಗುಲ್ಮಾರ್ಗ್ ಊರೇ ಸುಮಾರು 2,650 ಮೀಟರ್‌ನಲ್ಲಿದೆ, ಅಂದರೆ ಅಲ್ಲಿ ಮಲಗುವುದೇ ಎತ್ತರದಲ್ಲಿ. ಗೊಂಡೋಲಾದ ಎರಡನೆಯ ಹಂತ 3,900 ಮೀಟರ್ ದಾಟುತ್ತದೆ. ಮೊದಲ ರಾತ್ರಿ ಶ್ರೀನಗರದಲ್ಲಿ ತಂಗಿ, ಗುಲ್ಮಾರ್ಗ್ ಮುಟ್ಟಿದ ದಿನವೇ ಮೇಲಕ್ಕೆ ಓಡಬೇಡಿ. ಕೇಂದ್ರ ಸರ್ಕಾರದ ಸ್ಕೀ ತರಬೇತಿ ಸಂಸ್ಥೆ ಅಲ್ಲೇ ಇದೆ. ದಾರಿಯಲ್ಲಿ ಸಿಕ್ಕವರಿಂದ ಕಲಿಯುವ ಬದಲು ಅಲ್ಲಿ ಕಲಿಯಿರಿ.

ಪ್ರಶ್ನೆ: ಮಗಳು ಎರಡು ಜಾಗ ಹೇಳಿದ್ದಾಳೆ: ಜರ್ಮಾಟ್–ಚೆರ್ವಿನಿಯಾ, ಇಲ್ಲವೇ ಫ್ರಾನ್ಸ್–ಸ್ವಿಟ್ಜರ್ಲೆಂಡ್ ನಡುವಿನ ಪೋರ್ಟ್ ದ್ಯು ಸೊಲೇ. ನಾವಿಬ್ಬರೂ ಅರವತ್ತು ದಾಟಿದವರು, ನನಗೆ ಆಸ್ತಮಾ. ಯಾವುದು ಒಳ್ಳೆಯದು?
— ದಂಪತಿ, ಬೀದರ್

ಉತ್ತರ: ಎರಡನೆಯದು. ಪೋರ್ಟ್ ದ್ಯು ಸೊಲೇಯಲ್ಲಿ ಹನ್ನೆರಡು ಊರುಗಳಿವೆ, ಹೆಚ್ಚಿನವು ಲಿಫ್ಟ್‌ಗಳಿಂದ ಕೂಡಿಕೊಂಡಿವೆ. ಫ್ರಾನ್ಸ್ ಕಡೆಯ ಮೊರ್ಜಿನ್, ಸ್ವಿಸ್ ಕಡೆಯ ಶಾಂಪೆರಿ ಎರಡೂ ಸುಮಾರು 1,000 ಮೀಟರ್‌ನಲ್ಲಿವೆ, ನಮ್ಮ ಬೀದರ್‌ಗಿಂತ 300 ಮೀಟರ್ ಮಾತ್ರ ಎತ್ತರ. ಲಿಫ್ಟ್‌ಗಳು ಏರುವುದೂ ಹೆಚ್ಚೂಕಡಿಮೆ 2,300 ಮೀಟರ್‌ವರೆಗೆ. ಎತ್ತರದ ಬಾಧೆಯ ಗಡಿ ಮುಟ್ಟುವುದೇ ಇಲ್ಲ. ಅದೇ ತಾಣದ ಆವೊರಿಯಾಜ್ 1,800 ಮೀಟರ್‌ನಲ್ಲಿದೆ. ಹಗಲು ಅಲ್ಲಿಗೆ ಹೋಗಿ, ರಾತ್ರಿಗೆ ಕೆಳಗಿನ ಊರಿಗೆ ಬಂದು ಮಲಗಿ.

ನಿಮ್ಮ ಆಸ್ತಮಾಕ್ಕೆ ಒಣ ಚಳಿಗಾಳಿಯೇ ಶತ್ರು. ದಿನದ ಇನ್ಹೇಲರ್ ತಪ್ಪಿಸಬೇಡಿ. ತುರ್ತಿನ ಇನ್ಹೇಲರ್ ಒಳಜೇಬಿನಲ್ಲಿರಲಿ, ತಣ್ಣಗಾದರೆ ಔಷಧಿ ಸರಿಯಾಗಿ ಚಿಮ್ಮುವುದಿಲ್ಲ. ಹೊರಗೆ ಹೋಗುವ ಹದಿನೈದು ನಿಮಿಷ ಮುಂಚೆ ಅದನ್ನು ಎಳೆದುಕೊಳ್ಳಬೇಕೇ ಎಂದು ನಿಮ್ಮ ವೈದ್ಯರನ್ನು ಕೇಳಿ. ಕಳೆದ ಒಂದು ತಿಂಗಳಲ್ಲಿ ರಾತ್ರಿ ಉಬ್ಬಸದಿಂದ ಎದ್ದಿದ್ದರೆ ಮೊದಲು ಅದು ಹತೋಟಿಗೆ ಬರಲಿ, ಟಿಕೆಟ್ ಆಮೇಲೆ. ಮಗಳಿಗೆ ಹೇಳಿ: ರೂಮು ಕೆಳಗಿನ ಊರಿನಲ್ಲಿರಲಿ, ಬಂದ ಮರುದಿನ ಯಾವ ಕಾರ್ಯಕ್ರಮವೂ ಬೇಡ, ದಿನ ಬಿಟ್ಟು ದಿನ ವಿಶ್ರಾಂತಿ. ಅಳಿಯ, ಮೊಮ್ಮಕ್ಕಳು ಇಳಿಜಾರಿನಲ್ಲಿ ಜಾರಲಿ; ನೀವು ಗೊಂಡೋಲಾದಲ್ಲಿ ಹೋಗಿ, ಬಿಸಿಲಿಗೆ ಕುಳಿತು ಊಟ ಮಾಡಿ, ಕೊನೆಯ ಲಿಫ್ಟ್‌ಗೆ ಒಂದು ಗಂಟೆ ಮುಂಚೆಯೇ ಕೆಳಗಿಳಿಯಿರಿ.