ಉಡದೆ ಉಳಿದವು, ಉಟ್ಟು ಸವೆದವು

ಹಳೆಯ ಸೀರೆಗಳನ್ನು ಹುಡುಕಿಕೊಂಡು ಧಾರವಾಡ, ಗದಗ, ಬಾಗಲಕೋಟೆ ಕಡೆ ತಿರುಗತೊಡಗಿದ ಮೇಲೆ ನನಗೆ ಮೊದಲು ತಿಳಿದ ಸಂಗತಿಯೆಂದರೆ, ಟ್ರಂಕಿನಲ್ಲಿ ಸಿಗುವುದು ನಮ್ಮ ಅಜ್ಜಿಯರು ಉಡದೆ ಎತ್ತಿಟ್ಟ ಸೀರೆ. ಧಾರೆಯ ಸೀರೆ, ಕುಬಸದ ಸೀರೆ, ಕಸೂತಿ ಹಾಕಿದ ಕಪ್ಪು ಚಂದ್ರಕಾಳಿ, ಹಬ್ಬಕ್ಕೊಮ್ಮೆ ಹೊರಬರುತ್ತಿದ್ದ ಜರಿ ದಡಿಯ ರೇಷ್ಮೆ, ಇಂಥವೇ ಮನೆಮನೆಯಲ್ಲೂ ಇವೆ. ಹೊಲಕ್ಕೆ, ಹಳ್ಳಕ್ಕೆ, ಸಂತೆಗೆ ಉಟ್ಟುಹೋದ ಹತ್ತಿ ಸೀರೆ ಎಲ್ಲೂ ಇಲ್ಲ. ಅದು ಉಡುವುದರಲ್ಲೇ ಮುಗಿದುಹೋಗಿದೆ. ನಾನು ಹುಡುಕುತ್ತಿದ್ದುದು ಮಾತ್ರ ಅದನ್ನೇ.

ಕೊಡುವವರು ಸುಮ್ಮನೆ ಕೊಡುವುದಿಲ್ಲ. ಗಜೇಂದ್ರಗಡದ ಹತ್ತಿರದ ಹಳ್ಳಿಯೊಂದರಲ್ಲಿ ಅಜ್ಜಿಯೊಬ್ಬರು ಸೀರೆಯ ಮೇಲೆ ಕೈಯಿಟ್ಟುಕೊಂಡೇ ಕೇಳಿದರು: “ಉಡಾಕ ಒಯ್ತೀಯೇನವಾ, ಮಾರಾಕೊ?” “ಉಡಾಕ, ಆಯಿ” ಎಂದೆ. “ಹಂಗಾದ್ರ ಒಯ್ಯಿ. ಮಾರಾಕಾದ್ರ ನನ್ನ ಮಗಾನೂ ಮಾರತಾನ” ಎಂದು ಕೈ ತೆಗೆದರು. ಅಂದಿನಿಂದ ನನ್ನ ಬಳಿ ಬಂದ ಯಾವುದನ್ನೂ ಬರೀ ಕಪಾಟಿನಲ್ಲಿ ಪೇರಿಸಿಡುವುದಿಲ್ಲ. ಉಡಲು ತಾಳುವುದನ್ನು ಉಡುತ್ತೇನೆ. ತಾಳದ್ದನ್ನು ಏಕೆ ತಾಳುವುದಿಲ್ಲ ಎಂದು ಬರೆದಿಡುತ್ತೇನೆ.

ತಾಳುತ್ತದೋ ಇಲ್ಲವೋ ತಿಳಿಯಬೇಕಾದರೆ ಮಡಿಕೆ ಬಿಚ್ಚಿ ಬೆಳಕಿಗೆ ಹಿಡಿಯಬೇಕು. ಸೀರೆ ಸಾಮಾನ್ಯವಾಗಿ ಸೆರಗಿನಲ್ಲಿ ಹರಿಯುವುದಿಲ್ಲ. ವರ್ಷಗಟ್ಟಲೆ ಒಂದೇ ಗೆರೆಯಲ್ಲಿ ಮಡಚಿಟ್ಟ ರೇಷ್ಮೆ ಆ ಗೆರೆಯುದ್ದಕ್ಕೂ ಸೀಳಿರುತ್ತದೆ. ಉಟ್ಟ ಸೀರೆಯಾದರೆ ಸೊಂಟಕ್ಕೆ ಸಿಕ್ಕಿಸುವ ಜಾಗ, ಕೂತಾಗ ನೆಲಕ್ಕೆ ಉಜ್ಜುವ ಜಾಗ, ಹಿಮ್ಮಡಿಗೆ ತಾಗುವ ದಡಿ, ಈ ಮೂರು ಕಡೆ ಬಟ್ಟೆ ಜಾಳಾಗಿರುತ್ತದೆ. ಎರಡು ಹೆಬ್ಬೆರಳ ನಡುವೆ ಹಾಸಿನ ದಿಕ್ಕಿಗೊಮ್ಮೆ, ಹೊಕ್ಕಿನ ದಿಕ್ಕಿಗೊಮ್ಮೆ ಮೆಲ್ಲಗೆ ಎಳೆದು ನೋಡುತ್ತೇನೆ. ಎಳೆಗಳು ಸರಿದರೆ ರಫು ಮಾಡಿಸಬಹುದು. ಚಿಟ್ಟೆಂದು ಹರಿದರೆ ಆ ರೇಷ್ಮೆಯ ಕಸುವೇ ಹೋಗಿದೆ ಎಂದರ್ಥ, ಯಾವ ಸೂಜಿಯೂ ಅದನ್ನು ಉಳಿಸುವುದಿಲ್ಲ.

ನಾನು ಹೆಚ್ಚು ಕಲಿತದ್ದು ಇಳಕಲ್ ಸೀರೆಯಿಂದ. ಅದರ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲು ಹತ್ತಿಯದಾದರೂ ಸೆರಗು ರೇಷ್ಮೆಯದು. ಎರಡರ ಎಳೆಗಳನ್ನೂ ಒಂದೊಂದಾಗಿ ಕೊಂಡಿ ಹಾಕಿ ಸೇರಿಸಿದ ಮೇಲೆಯೇ ನೇಯಲು ಕೂಡುತ್ತಾರೆ. ಹೀಗಾಗಿ ಉದ್ದನೆಯ ಹಾಸು ಸುತ್ತಿಟ್ಟು ಸಾಲಾಗಿ ಹತ್ತಾರು ಸೀರೆ ನೇಯುವಂತಿಲ್ಲ. 6, 8 ಅಥವಾ 9 ಗಜದ ಒಂದೊಂದು ಸೀರೆಗೂ ಹಾಸು ಹೊಸದಾಗಿ ಹೂಡಬೇಕು. ಕೊಂಡಿಯ ಗೆರೆಯನ್ನು ಬೆರಳಿನಿಂದ ಸವರಿದರೆ ಸಣ್ಣ ಸಣ್ಣ ಕುಣಿಕೆಗಳ ಸಾಲು ಕೈಗೆ ತಾಕುತ್ತದೆ. ಪವರ್‌ಲೂಮಿನ ಅನುಕರಣೆಯಲ್ಲಿ ಒಡಲಿನ ಹಾಸೇ ಸೆರಗಿನವರೆಗೂ ಓಡಿರುತ್ತದೆ, ಹಾಗಾಗಿ ಸೆರಗಿನ ಕೆಂಪು ಎಂದೂ ತುಂಬು ಕೆಂಪಾಗುವುದಿಲ್ಲ, ಒಡಲಿನ ಬಣ್ಣ ಒಳಗಿಂದ ಇಣುಕುತ್ತದೆ. ಟೋಪ ತೆನಿ ಸೆರಗಿನ ಕೆಂಪು ಬಿಳಿ ಗೋಪುರಗಳ ಅಂಚು ಎಷ್ಟು ಚೂಪಾಗಿದೆ ಎಂದು ನೋಡುವುದಕ್ಕಿಂತ ಮೊದಲು ನಾನು ಕೊಂಡಿಯ ಗೆರೆಯನ್ನು ಮುಟ್ಟಿ ನೋಡುತ್ತೇನೆ. ಇಳಕಲ್ ಸೀರೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿದೆ. ಸಂತೆಯಲ್ಲಿ ಸೀರೆ ಹಿಡಿದು ನಿಂತವರಿಗೆ ಮಾತ್ರ ನೆರವಾಗುವುದು ಕೈಬೆರಳೇ.

ಆ ಕೊಂಡಿಯೇ ಒಗೆಯುವಾಗ ಹೆಚ್ಚು ಜೋಪಾನ ಬೇಡುವ ಜಾಗ. ಹತ್ತಿ ನೀರಿಗೆ ಕುಗ್ಗುವಷ್ಟು ರೇಷ್ಮೆ ಕುಗ್ಗುವುದಿಲ್ಲ, ಬಿಸಿನೀರು ಹಾಕಿದರೆ ಸೇರುವಲ್ಲಿ ಸುಕ್ಕು ಹಿಡಿದು ನಿಲ್ಲುತ್ತದೆ. ಕೆಂಪು ಬಣ್ಣ ಬಿಟ್ಟರೆ ಪಕ್ಕದ ಬಿಳಿ ಕೆಡುತ್ತದೆ. ಮೊದಲು ಒದ್ದೆ ಮಾಡಿದ ಬಿಳಿ ಬಟ್ಟೆಯನ್ನು ಸೆರಗಿನ ಒಂದು ಮೂಲೆಗೆ ಒತ್ತಿ ಹಿಡಿಯುತ್ತೇನೆ. ಅದಕ್ಕೆ ಬಣ್ಣ ಹತ್ತಿದರೆ ಆ ಸೀರೆಗೆ ನೀರಿಲ್ಲ, ಗಾಳಿಗೆ ಹರವಿದರೆ ಸಾಕು. ಹತ್ತದಿದ್ದರೆ ತಣ್ಣೀರಿನಲ್ಲಿ ಅಂಟುವಾಳಕಾಯಿಯ ನೊರೆ, ಉಜ್ಜದೆ ಹಿಂಡದೆ ಎತ್ತಿ, ನೆರಳಿನಲ್ಲಿ ಅಗಲಕ್ಕೆ ಹರವುವುದು. ತಂತಿಯ ಮೇಲೆ ನೇತುಹಾಕಿದರೆ ನೀರಿನ ಭಾರಕ್ಕೇ ಹಳೆಯ ಎಳೆ ತುಂಡಾಗುತ್ತದೆ.

ಬಣ್ಣದ ಮಾತು ಬಂದಾಗ ಮಾರುವವರ ಬಾಯಲ್ಲಿ ಹೆಚ್ಚಾಗಿ ಕೇಳುವುದು “ಇದು ನೈಸರ್ಗಿಕ ಬಣ್ಣ” ಎಂಬ ಮಾತು. ಆ ಮಾತಿಗೆ ನಾನು ಒಂದು ರೂಪಾಯಿಯನ್ನೂ ಹೆಚ್ಚು ಕೊಡುವುದಿಲ್ಲ. ಮಂಜಿಷ್ಠದ ಜಾತಿಯ ಕೆಲವು ಬೇರುಗಳಿಂದ ಬರುವ ಕೆಂಪಿನ ಮುಖ್ಯ ಅಂಶವಾದ ಅಲಿಜರಿನ್ ಅನ್ನು ಜರ್ಮನಿಯ ರಸಾಯನಶಾಸ್ತ್ರಜ್ಞರಾದ ಗ್ರೇಬ ಮತ್ತು ಲೀಬರ್‌ಮನ್ 1868ರಲ್ಲೇ ಪ್ರಯೋಗಾಲಯದಲ್ಲಿ ತಯಾರಿಸಿದ್ದರು. 1897ರಲ್ಲಿ ಬಿಎಎಸ್‌ಎಫ್ ಕಂಪನಿ ಕೃತಕ ನೀಲಿಯನ್ನು ಮಾರುಕಟ್ಟೆಗೆ ಬಿಟ್ಟಿತು. ಗಿಡದ ನೀಲಿಯಲ್ಲೂ ಕಾರ್ಖಾನೆಯ ನೀಲಿಯಲ್ಲೂ ಬಣ್ಣ ಕೊಡುವ ವಸ್ತು ಒಂದೇ, ಬರಿಗಣ್ಣಿಗೆ ವ್ಯತ್ಯಾಸ ತಿಳಿಯುವುದಿಲ್ಲ. 1930ರ ಸೀರೆ ಎಂದ ಮಾತ್ರಕ್ಕೆ ಅದರ ಬಣ್ಣ ಗಿಡದಿಂದಲೇ ಬಂದದ್ದು ಎನ್ನಲಾಗದು. ಕಣ್ಣಿಗೆ ಕಾಣುವುದು ಬಣ್ಣ ನಡೆದುಕೊಳ್ಳುವ ರೀತಿ. ನೀಲಿ ಎಳೆಯ ಮೇಲ್ಮೈಯಲ್ಲಿ ಕೂತಿರುವುದರಿಂದ ಉಜ್ಜಿದ ಕಡೆಯೆಲ್ಲ ತಿಳಿಯಾಗುತ್ತದೆ. ನೀಲಿಯಲ್ಲಿ ಮತ್ತೆ ಮತ್ತೆ ಅದ್ದಿ ಕಪ್ಪಾಗಿಸಿದ ಹಳೆಯ ಚಂದ್ರಕಾಳಿಯ ಮಡಿಕೆಗಳ ಮೇಲೆ ಕಾಣುವ ಮಸುಕು ಗೆರೆ ಇದೇ. ಅಂಥ ಸೀರೆ ಉಟ್ಟ ದಿನ ತಿಳಿಬಣ್ಣದ ಕುಪ್ಪಸ ತೊಡುವುದಿಲ್ಲ.

ಚಂದ್ರಕಾಳಿಯ ಕಸೂತಿಯನ್ನು ಮೊದಲು ಹಿಂಬದಿಯಿಂದ ನೋಡಬೇಕು. ಎಳೆ ಎಣಿಸಿ, ಗಂಟು ಹಾಕದೆ ಹೊಲಿಯುವ ಕೆಲಸ ಅದು. ಗವಂತಿ ಮತ್ತು ಮುರ್ಗಿ ಹೊಲಿಗೆಗಳಲ್ಲಿ ತೇರು, ಗೋಪುರ, ತುಳಸಿಕಟ್ಟೆ ಎರಡೂ ಬದಿಗೆ ಒಂದೇ ರೀತಿ ಕಾಣುತ್ತವೆ. ನೇಗಿ, ಮೆಂತೆ ಹೊಲಿಗೆಗಳಲ್ಲಿ ಹಿಂಬದಿ ಬೇರೆ. ಯಂತ್ರದ ಕಸೂತಿ ಹಿಂಬದಿಯಲ್ಲೇ ಸಿಕ್ಕಿಬೀಳುತ್ತದೆ. ಉಡುವಾಗ ಕೈಕಸೂತಿಗೆ ದೊಡ್ಡ ಶತ್ರು ಚೂಪು ಅಂಚಿನ ಬಳೆ, ಕೈಗಡಿಯಾರ, ಹೆಗಲಿನ ಚೀಲ. ಆ ದಿನ ನಾನು ಗಾಜಿನ ಬಳೆ ಬಿಟ್ಟು ಬೇರೇನೂ ಹಾಕುವುದಿಲ್ಲ.

ಮೈಸೂರು ರೇಷ್ಮೆ ನನ್ನ ಬಳಿ ಬಂದದ್ದು ಅತ್ತೆಯವರಿಂದ. 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಸ್ವಿಟ್ಜರ್ಲೆಂಡಿನಿಂದ ಮಗ್ಗ ತರಿಸಿ ಆರಂಭಿಸಿದ ಕಾರ್ಖಾನೆಯದು ಆ ಬಟ್ಟೆ. 1980ರಲ್ಲಿ ಕಾರ್ಖಾನೆ ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮಕ್ಕೆ ಸೇರಿತು. ಮೈಯೆಲ್ಲ ಒಂದೇ ಬಣ್ಣ, ಅಂಚಿಗೆ ಜರಿ, ಅಷ್ಟೇ. ಹೊಸೆದ ನೂಲಿನ ಕ್ರೇಪ್ ಆದ್ದರಿಂದ ಹಳೆಯದಾದರೂ ಮೈಗೆ ಸುಂದರವಾಗಿ ಬೀಳುತ್ತದೆ. ಅದಕ್ಕಿರುವ ನಿಜವಾದ ಅಪಾಯ ಹುಳುವಲ್ಲ, ಜರಿ. ಅಸಲಿ ಜರಿಯೆಂದರೆ ರೇಷ್ಮೆ ದಾರಕ್ಕೆ ಚಪ್ಪಟೆ ಬೆಳ್ಳಿಯ ಎಳೆ ಸುತ್ತಿ ಮೇಲೆ ಚಿನ್ನದ ಲೇಪ ಕೊಟ್ಟದ್ದು. ಹಳೆಯ ಜರಿ ಸೀರೆ ಕೊಳ್ಳುವವರು ಅದನ್ನು ತೂಗಿ, ಸುಟ್ಟು, ಬೆಳ್ಳಿ ತೆಗೆಯುತ್ತಾರೆ. ಬೆಳ್ಳಿಯ ದರ ಏರಿದಾಗಲೆಲ್ಲ ಯಾರದೋ ಧಾರೆಯ ಸೀರೆ ಬೂದಿಯಾಗುತ್ತದೆ. ಮಾರುವವರನ್ನು ನಾನು ದೂರುವುದಿಲ್ಲ, ಮಗಳ ಕಾಲೇಜಿನ ಫೀಸು ಕಟ್ಟಲು ಮಾರಿದವರನ್ನು ಕಂಡಿದ್ದೇನೆ. ಆದರೆ ಸುಡುವವರು ಕೊಡುವ ಬೆಲೆಗಿಂತ ಹೆಚ್ಚು ಕೊಟ್ಟು ಆ ಸೀರೆ ಉಳಿಸಿಕೊಳ್ಳಲು ನಮ್ಮ ನಡುವೆಯೇ ಉಳ್ಳವರು ಬೇಕಾದಷ್ಟಿದ್ದಾರೆ, ಅವರು ಕೊಳ್ಳಬೇಕು. ಕಪ್ಪಾದ ಜರಿಯನ್ನು ಉಜ್ಜಿ ಹೊಳಪು ಬರಿಸುವುದೂ ಬೇಡ. ಮೇಲಿನ ಚಿನ್ನ ಸವೆದ ಮೇಲೆ ಬೆಳ್ಳಿ ಇನ್ನಷ್ಟು ಬೇಗ ಕಪ್ಪಾಗುತ್ತದೆ.

ಇಡುವ ಕ್ರಮದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಒಗೆದ ಹಳೆಯ ಪಂಚೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಕವರು ಎಸೆದು, ಕೆಲವು ತಿಂಗಳಿಗೊಮ್ಮೆ ಮಡಿಕೆ ಬದಲಿಸಿ. ಜರಿ ಸೀರೆಯನ್ನು ಹ್ಯಾಂಗರಿಗೆ ಹಾಕಬೇಡಿ, ಕೋಲಿಗೆ ಸುತ್ತಿದರೆ ಒಳ್ಳೆಯದು. ನುಸಿಗುಳಿಗೆ ಜರಿಗೆ ತಾಗಕೂಡದು.

ಉಟ್ಟೇ ಕಲಿಯಬೇಕಾದ ಪಾಠ ಬೇರೆ ಇದೆ. ಹದಿನೆಂಟು ಮೊಳದ ಸೀರೆಯನ್ನು ಕಚ್ಚೆ ಹಾಕಿ ಉಡಲು ನನ್ನ ಚಿಗವ್ವ ಕಲಿಸಿದರು. ಅದನ್ನು ಉಟ್ಟು ಮನೆಗೆಲಸ ಮಾಡಿದ ಮೇಲೆ, ಆ ಸೀರೆ ಅಷ್ಟು ಉದ್ದ ಏಕೆ, ದಡಿ ಅಷ್ಟು ಗಟ್ಟಿ ಏಕೆ ಎಂಬುದು ಮೈಗೇ ತಿಳಿಯಿತು. ಲಂಗ ಬೇಡ, ಪಿನ್ನು ಬೇಡ. ಮೊಣಕಾಲು ಮಡಚಿ ಕೂತರೂ ಬಿಗಿಯುವುದಿಲ್ಲ, ಗಟ್ಟಿ ದಡಿ ಹಿಡಿದ ಕಡೆ ಕೂರುತ್ತದೆ. ಮುಂದೆ ಬರುವ ಉಡಿಯಲ್ಲಿ ಕಿತ್ತ ಸೊಪ್ಪು, ಬಿಡಿಸಿದ ಕಾಯಿ ಎಲ್ಲ ಹಿಡಿಯುತ್ತದೆ. ಹಾಗೆ ಉಟ್ಟ ಸೀರೆ ನಡುಭಾಗದಲ್ಲೇ ಸವೆಯಬೇಕು. ಹಿಂದಿನವರು ಸವೆದ ನಡುಭಾಗ ಕತ್ತರಿಸಿ ತೆಗೆದು, ಗಟ್ಟಿಯಾಗಿ ಉಳಿದ ಎರಡು ತುಂಡನ್ನು ಜೋಡಿಸಿ ಹೊಲೆದು ಮತ್ತೆ ಉಡುತ್ತಿದ್ದರು. ಅಂಥ ಜೋಡು ಹೊಲಿಗೆಯ ಸೀರೆಗೆ ಅಂಗಡಿಯವರು ಬೆಲೆ ಕಟ್ಟುವುದಿಲ್ಲ. ನನಗೆ ಅದು ಕಲೆಯಿಲ್ಲದ ಧಾರೆ ಸೀರೆಗಿಂತ ಹೆಚ್ಚು ಬೆಲೆಯದು, ಯಾಕೆಂದರೆ ನಿತ್ಯ ಉಟ್ಟವಳ ಕೆಲಸ ಅದರಲ್ಲಿ ಬರೆದಿದೆ.

ಕುಪ್ಪಸವೂ ಹೀಗೆಯೇ. ಗುಳೇದಗುಡ್ಡದ ಖಣ ಅಗಲ ಕಡಿಮೆಯ ಬಟ್ಟೆ. ಹಳೆಯ ಕುಪ್ಪಸವೊಂದರ ಹೊಲಿಗೆ ಬಿಚ್ಚಿ ಹರವಿದಾಗ ಎಸೆಯುವ ಚೂರೇ ಇಲ್ಲದಂತೆ ಕತ್ತರಿಸಿದ್ದು ಕಂಡಿತು. ಖಣದ ದಡಿಯೇ ತೋಳಿನ ಅಂಚಾಗಿತ್ತು, ಕಂಕುಳಿಗೆ ಬೇರೆ ತುಂಡು ಕೂರಿಸಿದ್ದರು. ಬೆವರು ತಿಂದುಹಾಕಿದ್ದು ಆ ತುಂಡನ್ನಷ್ಟೇ. ಅದೊಂದನ್ನು ಬದಲಿಸಿದರೆ ಕುಪ್ಪಸ ಮತ್ತೆ ತೊಡಲು ಬರುತ್ತದೆ. ಈಗ ನಾನು ಹೊಲಿಸುವ ಹೊಸ ಕುಪ್ಪಸಗಳಿಗೂ ಆ ತುಂಡನ್ನು ಬೇರೆಯಾಗಿಯೇ ಇಡಿಸುತ್ತೇನೆ.

ಇನ್ನು, ಸಿಗದೇ ಹೋದ ಆ ಹತ್ತಿ ಸೀರೆಗಳು. ಅವು ಕೌದಿಯಲ್ಲಿವೆ. ಉಟ್ಟು ಉಟ್ಟು ಮೆತ್ತಗಾದ ಸೀರೆಯನ್ನು ನಮ್ಮ ಕಡೆ ಎಸೆದವರಿಲ್ಲ, ಪದರ ಪದರವಾಗಿ ಹಾಸಿ ಕೌದಿ ಹೊಲೆದರು. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ ಕಡೆಯ ಸಿದ್ದಿ ಹೆಂಗಸರ ಕೌದಿಗಳನ್ನು ಕಲೆಯೆಂದು ಇಂದು ಹೊರಗಿನವರೂ ಗುರುತಿಸುತ್ತಾರೆ. ನನ್ನ ಗಮನ ಮೇಲಿನ ಚೆಲುವಿಗಿಂತ ಒಳಪದರಗಳ ಮೇಲೆ. ಕೌದಿ ಹರಿದಾಗ ಅದನ್ನು ಬಿಚ್ಚದೆ ಮೇಲೆ ಕೆಳಗೆ ಇನ್ನೊಂದು ಹೊದಿಕೆ ಕೂಡಿಸಿ ಹೊಲೆಯುವುದುಂಟು. ಹೀಗಾಗಿ ಒಳಕ್ಕೆ ಹೋದಷ್ಟೂ ಬಟ್ಟೆ ಹಳೆಯದು, ಬಿಸಿಲು ಕಾಣದ್ದರಿಂದ ಬಣ್ಣವೂ ಉಳಿದಿರುತ್ತದೆ. ಚಿಗವ್ವನ ಮನೆಯ ಹರಿದ ಕೌದಿಯೊಂದನ್ನು ಅವರೇ ಕೂತು ಬಿಚ್ಚಿದರು. ಮೇಲೆ ನೈಲಾನ್ ಸೀರೆ, ಪಾಲಿಯೆಸ್ಟರ್ ಅಂಗಿಯ ತುಂಡುಗಳು. ಅದರ ಕೆಳಗೆ ಗಿರಣಿಯ ಛಾಪು ಬಟ್ಟೆ. ತೀರ ಒಳಗೆ ಕೈಮಗ್ಗದ ಸಣ್ಣ ಚೌಕಳಿ, ಅಂಗೈಯಗಲದ ದಡಿ, ನಾನು ಯಾವ ಟ್ರಂಕಿನಲ್ಲೂ ಕಾಣದ ಹಸಿರು ಮತ್ತು ಕುಂಕುಮದ ಜೋಡಿ. “ಇದು ನಮ್ಮತ್ತಿ ಹೊಲಕ್ಕ ಉಡತಿದ್ದಳ ನೋಡು” ಎಂದರು ಚಿಗವ್ವ.

ಆ ತುಣುಕನ್ನು ಇಳಕಲ್ಲಿಗೆ ಒಯ್ದೆ. ಕುಣಿಮಗ್ಗದ ಮೇಲೆ ಕೂತಿದ್ದ ಹಿರಿಯ ನೇಕಾರರು ಅದನ್ನು ಬೆಳಕಿಗೆ ಹಿಡಿದು, ಎಳೆ ಎಣಿಸಿ, ದಡಿಯ ಲೆಕ್ಕ ಬರೆದುಕೊಂಡರು. ಈಗಿನ ಹತ್ತಿ ನೂಲು ಅಷ್ಟು ದಪ್ಪ ಸಿಗುವುದಿಲ್ಲ, ಹತ್ತಿರದ್ದು ಹಾಕುತ್ತೇನೆ ಎಂದರು. ಹಾಗೆ ನೇಯ್ದುಕೊಟ್ಟ ಸೀರೆಯನ್ನು ನಾನು ಆಫೀಸಿಗೂ ಉಡುತ್ತೇನೆ, ಮಾರ್ಕೆಟ್ಟಿಗೂ ಉಡುತ್ತೇನೆ, ಮನೆಯಲ್ಲೇ ಒಗೆಯುತ್ತೇನೆ. ಮೆತ್ತಗಾಗುತ್ತಿದೆ.

ನಮ್ಮ ಕಡೆಯ ಮನೆಗಳವರಲ್ಲಿ ನನ್ನದೊಂದು ಕೋರಿಕೆ. ಗಾದಿ ಬಂತು, ಬ್ಲಾಂಕೆಟ್ ಬಂತು ಎಂದು ಹಳೆಯ ಕೌದಿಯನ್ನು ತಿಪ್ಪೆಗೆ ಹಾಕುವ ಮುನ್ನ ಒಂದು ಮೂಲೆಯ ಹೊಲಿಗೆ ಬಿಚ್ಚಿ ಒಳಗೆ ನೋಡಿ. ಕೈಮಗ್ಗದ ದಡಿ ಕಂಡರೆ, ಮನೆಯ ಹಿರಿಯರು ಇನ್ನೂ ಇರುವಾಗಲೇ ಅದು ಯಾರ ಸೀರೆ, ಯಾವ ಸಂತೆಯಲ್ಲಿ ತಂದದ್ದು, ಏನು ಕೆಲಸಕ್ಕೆ ಉಡುತ್ತಿದ್ದರು ಎಂದು ಕೇಳಿ ಬರೆದುಕೊಳ್ಳಿ. ದಡಿಯೂ ಒಡಲೂ ಸೇರಿದಂತೆ ಒಂದು ಗೇಣಿನ ತುಣುಕು ಉಳಿಸಿದರೆ ಸಾಕು, ಲೆಕ್ಕ ಹಿಡಿಯಬಲ್ಲ ನೇಕಾರರು ಇಳಕಲ್ಲಿನಲ್ಲಿ ಇನ್ನೂ ಇದ್ದಾರೆ.