ಕ್ರಿಮಿನಲ್ ಕೋರ್ಟಿನಲ್ಲಿ ಮೂವರು: ಯಾರ ಕೆಲಸ ಏನು?

ಕೋರ್ಟಿನ ಪಡಸಾಲೆಯಲ್ಲಿ ಸರ್ಕಾರಿ ವಕೀಲರು ಆರೋಪಿ ಪರ ವಕೀಲರೊಡನೆ ಮಾತಾಡುತ್ತಿದ್ದರೆ ದೂರುದಾರರಿಗೆ ‘ಇಬ್ಬರೂ ಒಂದಾಗಿಬಿಟ್ಟರು’ ಎಂಬ ಅನುಮಾನ ಹುಟ್ಟುತ್ತದೆ. ಮಾತಾಡುವುದು ಅವರ ಕೆಲಸದ ಭಾಗವೇ. ಮರಣೋತ್ತರ ಪರೀಕ್ಷಾ ವರದಿಯಂಥ ದಾಖಲೆ ಅಸಲಿ ಎಂದು ಎದುರು ಪಕ್ಷ ಒಪ್ಪಿದರೆ ಅದನ್ನು ಸಾಬೀತುಪಡಿಸಲೆಂದೇ ವೈದ್ಯರನ್ನು ಕರೆಸಬೇಕಿಲ್ಲ. ಪ್ರಕರಣ ಬೇಗ ಸಾಗುತ್ತದೆ.

ಸರ್ಕಾರಿ ವಕೀಲರು, ಅಂದರೆ ಸರ್ಕಾರಿ ಅಭಿಯೋಜಕರು, ರಾಜ್ಯದ ಪರ ವಾದಿಸುತ್ತಾರೆ. ಅವರು ದೂರುದಾರರ ಖಾಸಗಿ ವಕೀಲರಲ್ಲ, ಪೊಲೀಸರ ವಕ್ತಾರರೂ ಅಲ್ಲ. ಹೇಗಾದರೂ ಶಿಕ್ಷೆ ಕೊಡಿಸಲೇಬೇಕೆಂಬ ಹಟ ಅವರಿಗೆ ಸಲ್ಲದೆಂದು ಸುಪ್ರೀಂ ಕೋರ್ಟ್ 1999ರ ಶಿವಕುಮಾರ್ ಪ್ರಕರಣದಲ್ಲಿ ಹೇಳಿದೆ. ಆರೋಪಿ ಪರ ವಕೀಲರು ಅಭಿಯೋಜಕರ ವಾದವನ್ನು ಒರೆಗೆ ಹಚ್ಚುತ್ತಾರೆ. ನ್ಯಾಯಾಧೀಶರು ಇಬ್ಬರಿಗೂ ಸಮಾನ ಅವಕಾಶ ಕೊಟ್ಟು, ಸಾಕ್ಷ್ಯದ ಮೇಲೆ ಮಾತ್ರ ತೀರ್ಪು ಬರೆಯುತ್ತಾರೆ.

ಮಹಜರಿಗೆ ಸಹಿ ಹಾಕಿದ ಪಂಚ ಸಾಕ್ಷಿ ಕಟಕಟೆ ಏರಿದ್ದಾರೆ ಎನ್ನಿ. ಮುಖ್ಯ ವಿಚಾರಣೆಯಲ್ಲಿ ಅಭಿಯೋಜಕರು ‘ಅಲ್ಲಿ ಏನು ನೋಡಿದಿರಿ?’ ಎಂದು ಕೇಳಬೇಕೇ ಹೊರತು ಉತ್ತರವನ್ನು ಬಾಯಿಗೆ ಇಡುವಂತಿಲ್ಲ. ಪಾಟೀಸವಾಲಿನಲ್ಲಿ ಆರೋಪಿ ಪರ ವಕೀಲರು ‘ಸಹಿ ಹಾಕಿದ್ದು ಠಾಣೆಯಲ್ಲೇ ಅಲ್ಲವೇ?’ ಎಂದು ನೇರವಾಗಿ ಕೇಳಬಹುದು. ಸಾಕ್ಷಿ ತಿರುಗಿಬಿದ್ದರೆ, ನ್ಯಾಯಾಧೀಶರ ಅನುಮತಿ ಪಡೆದು ಅಭಿಯೋಜಕರೂ ಪಾಟೀಸವಾಲು ಮಾಡಬಹುದು. ಗೊಂದಲ ಉಳಿದರೆ ನ್ಯಾಯಾಧೀಶರೇ ಪ್ರಶ್ನೆ ಕೇಳುತ್ತಾರೆ. ಒಬ್ಬರು ತಮ್ಮ ಕೆಲಸದಲ್ಲಿ ಸಡಿಲ ಬಿಟ್ಟರೂ ಸತ್ಯ ಅರ್ಧದಲ್ಲೇ ನಿಲ್ಲುತ್ತದೆ.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಡಿ ನಿಮ್ಮ ಹಕ್ಕುಗಳು, ಜೊತೆಗೆ ಸಾಕ್ಷಿಗಳಿಗೊಂದು ಕಿವಿಮಾತು:

• ಆರೋಪಿಯಾಗಿದ್ದರೆ: ಕೋರ್ಟಿಗೆ ಹಾಜರಾದ 14 ದಿನಗಳೊಳಗೆ ದೋಷಾರೋಪಣ ಪಟ್ಟಿ ಮತ್ತು ಸಾಕ್ಷಿಗಳ ಹೇಳಿಕೆಗಳ ಪ್ರತಿ ಉಚಿತವಾಗಿ ಸಿಗಬೇಕು (ಕಲಂ 230). ವಕೀಲರನ್ನಿಡಲು ಶಕ್ತಿಯಿಲ್ಲದಿದ್ದರೆ ಸರ್ಕಾರದ ಖರ್ಚಿನಲ್ಲಿ ಕೋರ್ಟೇ ನೇಮಿಸಬೇಕು (ಕಲಂ 341).

• ಸಂತ್ರಸ್ತರಾಗಿದ್ದರೆ: ನಿಮ್ಮ ವಕೀಲರು ಅಭಿಯೋಜಕರ ನಿರ್ದೇಶನದಂತೆ ನೆರವಾಗಬಹುದು; ಸಾಕ್ಷ್ಯ ಮುಗಿದ ಮೇಲೆ ಕೋರ್ಟಿನ ಅನುಮತಿಯೊಂದಿಗೆ ಲಿಖಿತ ವಾದ ಸಲ್ಲಿಸಬಹುದು (ಕಲಂ 338). ಸರ್ಕಾರ ಕೇಸು ಹಿಂಪಡೆಯಲು ಹೊರಟರೆ, ನಿಮ್ಮ ಅಹವಾಲು ಕೇಳದೆ ಕೋರ್ಟ್ ಒಪ್ಪುವಂತಿಲ್ಲ (ಕಲಂ 360).

• ಸಾಕ್ಷಿಯಾಗಿದ್ದರೆ: ಪ್ರಶ್ನೆ ಅರ್ಥವಾಗದಿದ್ದರೆ ಮತ್ತೊಮ್ಮೆ ಕೇಳಿ. ಗೊತ್ತಿಲ್ಲದ್ದಕ್ಕೆ ‘ಗೊತ್ತಿಲ್ಲ’ ಎನ್ನಲು ಅಂಜಬೇಡಿ.

ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಹಾಗೂ ಪಂಗಡದವರು ಮತ್ತು ಬಂಧನದಲ್ಲಿರುವವರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಸಿಗುತ್ತದೆ. ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಡಿ, ಇಲ್ಲವೇ 15100ಕ್ಕೆ ಕರೆಮಾಡಿ. ಮುಂದಿನ ತಾರೀಖಿನವರೆಗೆ ಕಾಯಬೇಡಿ. ವಕೀಲರಿಗೆ ಕಾಗದಪತ್ರ ಓದಿಕೊಳ್ಳಲು ಸಮಯ ಬೇಕು.