ನೆಚ್ಚಿನ ಚಿತ್ರಕಾರರನ್ನು ಕಾಣಲು ಹೊರಟವರಿಗೆ

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ತಾಲ್ಲೂಕುಗಳಿಂದ ಬಂದ ಕೆಲವು ಪತ್ರಗಳನ್ನು ಈ ಸಲ ಒಟ್ಟಿಗೆ ಎತ್ತಿಕೊಂಡಿದ್ದೇನೆ. ಬರೆದವರ ವಯಸ್ಸು, ಕೆಲಸ ಬೇರೆ ಬೇರೆ. ಎಲ್ಲರ ಆಸೆ ಮಾತ್ರ ಒಂದೇ: ಕಾಮಿಕ್ಸ್, ಚಿತ್ರಕಥೆ, ವ್ಯಂಗ್ಯಚಿತ್ರ ಬರೆಯುವವರನ್ನು ಎದುರಿಗೆ ಕಂಡು ಮಾತಾಡಿಸಬೇಕು.

ಪ್ರಶ್ನೆ: ಸರ್, ನಾನು ಸೆಕೆಂಡ್ ಪಿಯುಸಿ ಓದುತ್ತಿದ್ದೇನೆ. ನೋಟ್‌ಬುಕ್ಕಿನ ಹಿಂದಿನ ಹಾಳೆಗಳಲ್ಲೆಲ್ಲ ನನ್ನದೇ ಕಾಮಿಕ್ಸ್. ಬೆಂಗಳೂರಿನ ಕಾಮಿಕ್ ಕಾನ್‌ಗೆ ಹೋಗಿ ಕಲಾವಿದರನ್ನು ಮಾತಾಡಿಸಬೇಕು ಅಂತ ತುಂಬಾ ಆಸೆ. ಅಪ್ಪ, "ದುಡ್ಡು ಕೊಟ್ಟು ವೇಷ ಹಾಕಿದವರನ್ನ ನೋಡಕ್ಕೆ ಅಷ್ಟು ದೂರ ಹೋಗ್ಬೇಕಾ?" ಅಂತಾರೆ. ಅಲ್ಲಿ ಎಲ್ಲರೂ ಇಂಗ್ಲಿಷಿನಲ್ಲೇ ಮಾತಾಡ್ತಾರಂತೆ, ಆ ಹೆದರಿಕೆ ಬೇರೆ. ಹೋದರೆ ಏನು ಕೇಳಬೇಕು?
— ವಿದ್ಯಾರ್ಥಿನಿ, ಪಾಂಡವಪುರ

ಉತ್ತರ: ಮಗಳೇ, ಅಪ್ಪನ ಮಾತಿನಲ್ಲಿ ಅರ್ಧ ನಿಜವಿದೆ. ಕಾಮಿಕ್ ಕಾನ್ ಅನ್ನುವ ಈ ಮೇಳ ನಮ್ಮ ದೇಶದಲ್ಲಿ 2011ರಲ್ಲಿ ದೆಹಲಿಯಲ್ಲಿ ಶುರುವಾಗಿ 2012ರಲ್ಲಿ ಬೆಂಗಳೂರಿಗೆ ಬಂತು. ಈಚಿನ ವರ್ಷಗಳಲ್ಲಿ ವೈಟ್‌ಫೀಲ್ಡಿನ ಕೆಟಿಪಿಒ ವಸ್ತುಪ್ರದರ್ಶನ ಆವರಣದಲ್ಲಿ ನಡೆಯುತ್ತಿದೆ. ಬಹುಪಾಲು ಜಾಗವನ್ನು ವೇಷಧಾರಿಗಳು, ವಿಡಿಯೊ ಗೇಮಿನವರು, ಬೊಂಬೆ ಮತ್ತು ಟೀ ಶರ್ಟ್ ಮಾರುವವರು ತುಂಬಿರುತ್ತಾರೆ. ನಿನಗೆ ಬೇಕಾಗಿರುವುದು ಕಲಾವಿದರು ಸಾಲಾಗಿ ಮೇಜು ಹಾಕಿಕೊಂಡು ಕೂರುವ ಭಾಗ. ಅಲ್ಲಿ ಅವರೇ ಬರೆದ ಪುಸ್ತಕವನ್ನು ಅವರ ಕೈಯಿಂದಲೇ ಕೊಳ್ಳಬಹುದು. ಅಪ್ಪನನ್ನೂ ಜೊತೆಗೆ ಕರೆದುಕೊಂಡು ಹೋಗು, ಆ ಸಾಲಿನಲ್ಲಿ ಒಂದು ಸುತ್ತು ನಡೆಸು. ಚಿತ್ರ ಬರೆದು ಹೊಟ್ಟೆ ಹೊರೆಯುವವರನ್ನು ಅವರೂ ಕಣ್ಣಾರೆ ನೋಡಲಿ.

ದಾರಿ ಕಷ್ಟವಿಲ್ಲ. ಬೆಂಗಳೂರಿನ ರೈಲು ಹತ್ತಿ ಕೆಂಗೇರಿಯಲ್ಲಿ ಇಳಿದರೆ ಮೆಟ್ರೊದ ನೇರಳೆ ಮಾರ್ಗ ಸಿಗುತ್ತದೆ. ನೀನು ಇಳಿಯಬೇಕಾದ ಪಟ್ಟಂದೂರು ಅಗ್ರಹಾರ ನಿಲ್ದಾಣದವರೆಗೂ ಅದೇ ಮಾರ್ಗ. ಊರಿನ ಆ ತುದಿಯಿಂದ ಈ ತುದಿಗೆ ಹೋಗಬೇಕಾದ್ದರಿಂದ ಗಂಟೆಗೂ ಮೇಲೆ ಹಿಡಿಯುತ್ತದೆ. ಬಾಗಿಲು ತೆರೆಯುವ ಹೊತ್ತಿಗೇ ಅಲ್ಲಿರು. ಮಧ್ಯಾಹ್ನದ ನೂಕುನುಗ್ಗಲಿನಲ್ಲಿ ಯಾವ ಕಲಾವಿದರಿಗೂ ಮಾತಿಗೆ ಬಿಡುವಿರುವುದಿಲ್ಲ.

ಇನ್ನು ಏನು ಕೇಳಬೇಕು ಅನ್ನುವುದು. "ನಿಮಗೆ ಸ್ಫೂರ್ತಿ ಯಾರು?" ಎಂಬ ಪ್ರಶ್ನೆಯನ್ನು ಅವರು ಬೆಳಗಿನಿಂದ ಕೇಳಿಸಿಕೊಂಡಿರುತ್ತಾರೆ. ಅದನ್ನು ಬಿಡು. ಹೋಗುವ ಮೊದಲೇ ಅವರದೊಂದು ಪುಸ್ತಕ ಓದಿ, ನಿನ್ನನ್ನು ಹಿಡಿದು ನಿಲ್ಲಿಸಿದ ಪುಟಕ್ಕೆ ಗುರುತು ಹಾಕಿಕೊ. ಅದನ್ನು ಅವರ ಮುಂದೆ ಬಿಚ್ಚಿ, "ಈ ಚೌಕ ಯಾಕೆ ಇಷ್ಟು ದೊಡ್ಡದು? ಇಲ್ಲಿ ಮಾತೇ ಇಲ್ಲವಲ್ಲ, ಯಾಕೆ ಬಿಟ್ಟಿರಿ?" ಅಂತ ಕೇಳು. ಹೀಗೆ ಕೇಳಿದರೆ ಕಲಾವಿದರ ಮುಖವೇ ಬದಲಾಗುವುದನ್ನು ನಾನು ನೋಡಿದ್ದೇನೆ. ಒಂದು ಪುಟ ಅಂದರೆ ಮೊದಲು ಅಂಗೈಯಗಲದ ಕಚ್ಚಾ ಗೀಟು, ಆಮೇಲೆ ಪೆನ್ಸಿಲ್, ಆಮೇಲೆ ಇಂಕು, ಬಣ್ಣ, ಅಕ್ಷರ. ಕಚ್ಚಾ ಪುಟ ಇದ್ದರೆ ತೋರಿಸಿ ಅಂತ ಕೇಳು. ಅಚ್ಚಾದ ಪುಟಕ್ಕಿಂತ ಹೆಚ್ಚು ಪಾಠ ಅದರಲ್ಲಿರುತ್ತದೆ.

ಕನ್ನಡದಲ್ಲಿ ಬರೆಯುವ ನೀನು ಕೇಳಲೇಬೇಕಾದ ಪ್ರಶ್ನೆ ಇನ್ನೊಂದಿದೆ. ನಮ್ಮ ಒತ್ತಕ್ಷರ ಸಾಲಿನ ಕೆಳಗೆ ಇಳಿಯುತ್ತದೆ, ಗುಡಿಸು ಮೇಲೆ ಏಳುತ್ತದೆ. ಸಾಲುಗಳ ನಡುವೆ ಜಾಗ ಬಿಡದಿದ್ದರೆ ಒಂದಕ್ಕೊಂದು ತಾಗುತ್ತವೆ. ಇಂಗ್ಲಿಷಿನ ಅಳತೆಗೆ ಬರೆದ ಮಾತಿನ ಗುಳ್ಳೆಯಲ್ಲಿ ಕನ್ನಡ ಹಿಡಿಸುವುದಿಲ್ಲ. ಹಾಗಾಗಿ ಗುಳ್ಳೆಯನ್ನು ಚಿತ್ರದ ಜೊತೆಗೇ ಯೋಚಿಸಬೇಕೋ, ಆಮೇಲೋ? ಇದನ್ನು ಬೆಂಗಳೂರಿನ ಕಲಾವಿದರನ್ನು ಕನ್ನಡದಲ್ಲೇ ಕೇಳು. ಕನ್ನಡ ಬಲ್ಲವರು ಅಲ್ಲಿ ಬೇಕಾದಷ್ಟು ಜನ ಇರುತ್ತಾರೆ. ಭಾಷೆ ಬಾರದವರ ಎದುರಿಗೆ ಪುಟದ ಮೇಲೆ ಬೆರಳಿಟ್ಟು ಎರಡು ಪದ ಆಡಿದರೂ ಸಾಕು. ನಿನ್ನ ಕೆಲಸ ತೋರಿಸುವುದಾದರೆ ಪೂರ್ತಿ ಮುಗಿಸಿದ ಎರಡು ಪುಟ ತೋರಿಸು, ಚೀಲ ಬರಿದು ಮಾಡಬೇಡ.

ಕಾಮಿಕ್ ಕಾನ್ ವರ್ಷಕ್ಕೊಮ್ಮೆ. ಅದಕ್ಕೇ ಕಾಯಬೇಕಾಗಿಲ್ಲ. ಅದೇ ನೇರಳೆ ಮಾರ್ಗದ ಟ್ರಿನಿಟಿ ನಿಲ್ದಾಣದ ಹತ್ತಿರ, ಮಿಡ್‌ಫೋರ್ಡ್ ಹೌಸ್ ಕಟ್ಟಡದಲ್ಲಿ ಭಾರತೀಯ ವ್ಯಂಗ್ಯಚಿತ್ರಕಾರರ ಸಂಸ್ಥೆಯ ಗ್ಯಾಲರಿ ಇದೆ. ವ್ಯಂಗ್ಯಚಿತ್ರಕಾರ ವಿ.ಜಿ. ನರೇಂದ್ರ ಕಟ್ಟಿ ಬೆಳೆಸಿದ ಜಾಗ ಅದು, 2007ರಿಂದ ನಡೆಯುತ್ತಿದೆ. ಪ್ರವೇಶ ಉಚಿತ. ಹೊಸ ಪ್ರದರ್ಶನ ಉದ್ಘಾಟನೆಯಾಗುವ ದಿನ ಹೋಗು. ಗೋಡೆಯ ಮೇಲೆ ಚಿತ್ರ, ಪಕ್ಕದಲ್ಲೇ ಅದನ್ನು ಬರೆದವರು. ನನ್ನನ್ನು ಕೇಳಿದರೆ ಮೊದಲ ಭೇಟಿಗೆ ಇದೇ ಒಳ್ಳೆಯದು.

ದೂರದ ಮಾತು ಬಂದಾಗ ವ್ಯಂಗ್ಯಚಿತ್ರಕಾರ ಆರ್.ಕೆ. ಲಕ್ಷ್ಮಣ್ ನೆನಪಾಗುತ್ತಾರೆ. ಅವರು ಮೈಸೂರಿನ ಹುಡುಗ. 'ಹಿಂದೂ' ಪತ್ರಿಕೆಯಲ್ಲಿ ಆಗಾಗ ಬರುತ್ತಿದ್ದ ಇಂಗ್ಲೆಂಡಿನ ಡೇವಿಡ್ ಲೋ ಅವರ ವ್ಯಂಗ್ಯಚಿತ್ರ ನೋಡಿ ಮರುಳಾಗಿದ್ದರು. ಲೋ ಅವರ ಸಹಿಯನ್ನು ಬಹಳ ಕಾಲ 'ಕೌ' ಎಂದೇ ಓದಿಕೊಂಡಿದ್ದರಂತೆ. ಗುರುವಿನ ಹೆಸರೇ ತಿಳಿಯದೆ ಗೆರೆಯನ್ನು ಮಾತ್ರ ನೋಡಿ ಕಲಿತ ಆ ಹುಡುಗ ಮುಂದೆ ರಾಶಿಯವರ ಹಾಸ್ಯಪತ್ರಿಕೆ 'ಕೊರವಂಜಿ'ಗೆ ಚಿತ್ರ ಬರೆದರು, ಮುಂಬೈಗೆ ಹೋದರು. ಅವರಿಗೆ ದೂರದಿಂದಲೇ ಕಲಿಯಬೇಕಾಯಿತು. ನಿನಗೆ ಒಂದು ರೈಲು, ಒಂದು ಮೆಟ್ರೊ ಸಾಕು.

ಪ್ರಶ್ನೆ: ಅಂಗಡಿಯ ಅಟ್ಟದ ಮೇಲೆ ನನ್ನ ಕಾಲದ ಚಂದಮಾಮ, ನನ್ನ ಮಕ್ಕಳ ಕಾಲದ ಬಾಲಮಂಗಳ ಕಟ್ಟು ಕಟ್ಟು ಇವೆ. ಆ ಬೇತಾಳನನ್ನ, ಆ ಡಿಂಗನನ್ನ ಬರೆದವರು ಯಾರು? ಈಗಲೂ ಇದ್ದರೆ ಒಂದು ಸಲ ಹೋಗಿ ಕೈಮುಗಿದು ಬರುವಾಸೆ.
— ದಿನಸಿ ವ್ಯಾಪಾರಿ, ನಾಗಮಂಗಲ

ಉತ್ತರ: ಅಣ್ಣಾ, ನಿಮ್ಮ ಪತ್ರ ಓದಿ ಮನಸ್ಸು ತುಂಬಿಬಂತು. ಹೆಗಲ ಮೇಲೆ ಹೆಣ ಹೊತ್ತು, ಕೈಯಲ್ಲಿ ಕತ್ತಿ ಹಿಡಿದು ನಡೆಯುವ ವಿಕ್ರಮಾದಿತ್ಯನ ಆ ಚಿತ್ರ ಕೆ.ಸಿ. ಶಿವಶಂಕರನ್ ಅವರದು. ಓದುಗರಿಗೆ ಅವರು 'ಶಂಕರ್'. ಸುಮಾರು ಆರು ದಶಕ ಚಂದಮಾಮಕ್ಕೇ ದುಡಿದರು. 2020ರ ಸೆಪ್ಟೆಂಬರಿನಲ್ಲಿ ತೀರಿಕೊಂಡರು. ಪದ್ಮಶ್ರೀ ಬಂದದ್ದು ಮರುವರ್ಷ, ಮರಣೋತ್ತರವಾಗಿ. ಬದುಕಿದ್ದಾಗಲೇ ಬರಬೇಕಿತ್ತು ಎಂಬ ನೋವು ನನಗಿದೆ. ಅವರ ಜೊತೆಗೆ 'ಚಿತ್ರಾ' ಹೆಸರಿನಲ್ಲಿ ಬರೆಯುತ್ತಿದ್ದ ಇನ್ನೊಬ್ಬರಿದ್ದರು, ಟಿ.ವಿ. ರಾಘವನ್.

ಮುಖಪುಟಗಳನ್ನೂ ತೆಗೆದು ನೋಡಿ. ಮಹಾಭಾರತದ ದೃಶ್ಯಗಳಿರುವ ಹಳೆಯ ಸಂಚಿಕೆ ಇದ್ದರೆ ಅವು ನಮ್ಮ ಕನ್ನಡದವರೇ ಆದ ಎಂ.ಟಿ.ವಿ. ಆಚಾರ್ಯರ ಕೈಕೆಲಸವಿರಬಹುದು. ಅವರು ಚಂದಮಾಮ ಇದ್ದ ಮದರಾಸು ಬಿಟ್ಟು ಬೆಂಗಳೂರಿಗೆ ಬಂದ ಮೇಲೆ ಅಂಚೆಯ ಮೂಲಕ ಚಿತ್ರಕಲೆ ಕಲಿಸುವ ಶಾಲೆ ನಡೆಸಿದರು. ಊರು ಬಿಟ್ಟು ಹೋಗಲಾಗದ ಎಷ್ಟೋ ಹಳ್ಳಿ ಹುಡುಗರಿಗೆ ಚಿತ್ರಕಾರರೊಬ್ಬರ ಭೇಟಿ ಆದದ್ದು ಹಾಗೆ, ಲಕೋಟೆಯಲ್ಲಿ. ಕಳಿಸಿದ ಚಿತ್ರ ತಿದ್ದಿಸಿಕೊಂಡು ವಾಪಸ್ ಬರುವುದಿದೆಯಲ್ಲ, ಅದಕ್ಕಿಂತ ದೊಡ್ಡ ಭೇಟಿ ಇನ್ನೇನಿದೆ?

ಡಿಂಗ ಹುಟ್ಟಿದ್ದು ಪಕ್ಕದ ಕೇರಳದಲ್ಲಿ, 1983ರಲ್ಲಿ, ಮಲಯಾಳಂ ಬಾಲಮಂಗಳಂನಲ್ಲಿ. ಅಲ್ಲಿ ಅವನ ಹೆಸರು ಡಿಂಕನ್. ಕಥೆ ಎನ್. ಸೋಮಶೇಖರನ್ ಅವರದು, ಚಿತ್ರ ಬೇಬಿ ಅವರದು. ಕನ್ನಡದ ಮಕ್ಕಳು ಅವನನ್ನು ನಮ್ಮವನೇ ಅಂದುಕೊಂಡು ಬೆಳೆದರು. ಅಮರ ಚಿತ್ರಕಥೆ ಇದ್ದರೆ ಅದನ್ನೂ ಹೊರಗೆ ತೆಗೆಯಿರಿ. ಅದನ್ನು ಕಟ್ಟಿದ ಅನಂತ ಪೈ ಕಾರ್ಕಳದವರು. 11ನೆಯ ಸಂಚಿಕೆಯಾದ 'ಕೃಷ್ಣ' ಬರೆದ ಕುಂಚ ರಾಮ್ ವಾಯಿರ್ಕರ್ ಅವರದು. ಮುಂದೆ ಮಕ್ಕಳ ಪತ್ರಿಕೆ ಟಿಂಕಲ್‌ನ ಸುಪ್ಪಂಡಿಯನ್ನು ಬರೆದದ್ದೂ ಅವರೇ. ಪೈ ಅವರ ಹೆಸರು ಮನೆಮನೆಗೆ ಗೊತ್ತು, ವಾಯಿರ್ಕರ್ ಅವರದು ಎಷ್ಟು ಜನರಿಗೆ ಗೊತ್ತು?

ಕಾಣಬೇಕು ಅಂದುಕೊಂಡವರಲ್ಲಿ ಹಲವರು ಈಗಿಲ್ಲ. ಆದರೆ ನಿಮ್ಮ ಅಟ್ಟದಲ್ಲಿರುವುದು ಸಣ್ಣ ಆಸ್ತಿಯಲ್ಲ. ಒಂದೊಂದು ಚಿತ್ರದ ಮೂಲೆಯನ್ನೂ ಭೂತಗನ್ನಡಿಯಲ್ಲಿ ನೋಡಿ, ಸಹಿ ಕಂಡರೆ ಪಟ್ಟಿ ಮಾಡಿ, ಸಂಚಿಕೆಯ ತಿಂಗಳು, ವರ್ಷ ಬರೆದಿಡಿ. ಚಿತ್ರಕಾರರ ಚರಿತ್ರೆ ಬರೆಯುವವರಿಗೆ ಅಂಥ ಪಟ್ಟಿ ಸಿಗುವುದೇ ಇಲ್ಲ. ಅಟ್ಟದಲ್ಲಿ ಗೆದ್ದಲು, ಇಲಿ ಇದ್ದರೆ ಕಟ್ಟುಗಳನ್ನು ಇವತ್ತೇ ಕೆಳಗಿಳಿಸಿ.

ಪ್ರಶ್ನೆ: ನಾನು ಸರ್ಕಾರಿ ಪ್ರೌಢಶಾಲೆಯ ಡ್ರಾಯಿಂಗ್ ಮೇಷ್ಟ್ರು. ನಮ್ಮ ಮಕ್ಕಳು ಚಿತ್ರ ಬರೆದು ಬದುಕುವ ಒಬ್ಬರನ್ನೂ ಕಂಡಿಲ್ಲ. ವ್ಯಂಗ್ಯಚಿತ್ರಕಾರರನ್ನು ಶಾಲೆಗೆ ಕರೆಸಬಹುದೇ? ಬರುತ್ತಾರೆಯೇ?
— ಚಿತ್ರಕಲಾ ಶಿಕ್ಷಕ, ಕೆ.ಆರ್. ಪೇಟೆ

ಉತ್ತರ: ಬರುತ್ತಾರೆ ಮೇಷ್ಟ್ರೇ, ಸರಿಯಾಗಿ ಕರೆದರೆ. ಪತ್ರದಲ್ಲಿ ಮೂರು ವಿಷಯ ಸ್ಪಷ್ಟವಾಗಿರಲಿ: ಎಷ್ಟು ಮಕ್ಕಳು, ಎಷ್ಟು ಹೊತ್ತು, ಏನು ಸಂಭಾವನೆ. ಹಾರ, ಶಾಲು, ಹಣ್ಣಿನ ಬುಟ್ಟಿಗೆ ಖರ್ಚು ಮಾಡುವ ಹಣವನ್ನು ಪ್ರಯಾಣದ ವೆಚ್ಚಕ್ಕೆ ಕೊಡಿ. ವೇದಿಕೆ ಕಾರ್ಯಕ್ರಮ ಬೇಡವೇ ಬೇಡ. ಕಪ್ಪುಹಲಗೆ, ಸೀಮೆಸುಣ್ಣ ಕೊಟ್ಟು ಮಕ್ಕಳ ನಡುವೆ ಬಿಟ್ಟುಬಿಡಿ. ಒಂದು ಸೊನ್ನೆ ಸುತ್ತಿ ಎರಡು ಗೆರೆ ಎಳೆದಾಗ ಅದು ಅವರ ಹೆಡ್‌ಮಾಸ್ಟರ ಮುಖವಾಗುವುದನ್ನು ಮಕ್ಕಳು ನೋಡಬೇಕು. ಹೆಡ್‌ಮಾಸ್ಟರಿಗೆ ಮೊದಲೇ ಹೇಳಿ ಒಪ್ಪಿಸಿರಿ!

ಪೇಟೆ ಸೇರದೆಯೂ ಈ ಕೆಲಸ ಮಾಡಬಹುದು ಅನ್ನುವುದಕ್ಕೆ ಸತೀಶ್ ಆಚಾರ್ಯ ಸಾಕ್ಷಿ. ಕುಂದಾಪುರದಲ್ಲೇ ಕುಳಿತು ಬರೆದ ಅವರ ವ್ಯಂಗ್ಯಚಿತ್ರಗಳನ್ನು ದೇಶದ ಹೊರಗಿನವರೂ ನೋಡುತ್ತಾರೆ. ಅವರು ಅಲ್ಲೇ ನಡೆಸುವ ಕಾರ್ಟೂನು ಹಬ್ಬಕ್ಕೆ ಬೇರೆ ಬೇರೆ ಊರಿನ ಚಿತ್ರಕಾರರು ಬರುತ್ತಾರೆ. ಆಯ್ದ ನಾಲ್ಕೈದು ಮಕ್ಕಳನ್ನು ಘಟ್ಟ ಇಳಿಸಿ ಕರೆದೊಯ್ಯಲು ಸಾಧ್ಯವಾದರೆ ಖಂಡಿತ ಹೋಗಿ. ಅದು ದೂರವಾಯಿತೆಂದರೆ ಜನವರಿಯಲ್ಲಿ ಬೆಂಗಳೂರಿನ ಚಿತ್ರಕಲಾ ಪರಿಷತ್ತು ನಡೆಸುವ ಚಿತ್ರಸಂತೆ ಇದೆ. ಕುಮಾರಕೃಪಾ ರಸ್ತೆಯ ಉದ್ದಕ್ಕೂ ಚಿತ್ರಕಾರರು ಕೂತಿರುತ್ತಾರೆ, ನಿಂತಲ್ಲೇ ಮುಖ ಬರೆದುಕೊಡುವವರೂ ಇರುತ್ತಾರೆ.

ಅದಕ್ಕೆಲ್ಲ ಮೊದಲು ನಿಮ್ಮ ಮಗ್ಗುಲಿಗಿರುವ ಹೊಸಹೊಳಲಿಗೆ ಒಂದು ದಿನ ಮೀಸಲಿಡಿ. ಕೆ.ಆರ್. ಪೇಟೆಯಿಂದ ನಡೆದು ಹೋಗುವಷ್ಟು ಹತ್ತಿರ. 13ನೆಯ ಶತಮಾನದ ಲಕ್ಷ್ಮೀನಾರಾಯಣ ಗುಡಿಯ ಹೊರಗೋಡೆಯಲ್ಲಿ ಆನೆ, ಕುದುರೆ, ಬಳ್ಳಿಗಳ ಪಟ್ಟಿಕೆಗಳ ಮೇಲೆ ರಾಮಾಯಣ, ಮಹಾಭಾರತ, ಭಾಗವತದ ಕಥೆಗಳು ಪ್ರದಕ್ಷಿಣೆಯ ದಿಕ್ಕಿನಲ್ಲಿ ಸಾಗುತ್ತವೆ. ನಡೆದಂತೆಲ್ಲ ಕಥೆ ಮುಂದುವರಿಯುತ್ತದೆ. ಒಂದು ಪ್ರಸಂಗ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಯಿತು, ಶಿಲ್ಪಿ ಅದನ್ನು ಹೇಗೆ ಸೂಚಿಸಿದ ಎಂದು ಮಕ್ಕಳೇ ಹುಡುಕಲಿ. ಕಾಮಿಕ್ಸ್ ಪುಟ ಜೋಡಿಸುವವರು ದಿನಾ ಎದುರಿಸುವ ಪ್ರಶ್ನೆಯೂ ಇದೇ. ಸೋಮನಾಥಪುರಕ್ಕೆ ಹೋದಾಗ ವಿಗ್ರಹಗಳ ಪೀಠದಲ್ಲಿ ಶಿಲ್ಪಿ ಮಲ್ಲಿತಮ್ಮನ ಹೆಸರನ್ನೂ ತೋರಿಸಿ. ಏಳು ನೂರು ವರ್ಷಗಳ ಹಿಂದೆಯೇ ನಮ್ಮ ಶಿಲ್ಪಿಗಳು ತಮ್ಮ ಕೆಲಸದ ಕೆಳಗೆ ಹೆಸರು ಕೆತ್ತಿದ್ದರು. ಇಷ್ಟು ನೋಡಿದ ಮಕ್ಕಳು ಅತಿಥಿಯನ್ನು "ನಿಮಗೆ ಎಷ್ಟು ಪ್ರಶಸ್ತಿ ಬಂದಿದೆ?" ಎಂದು ಕೇಳುವುದಿಲ್ಲ.

ಪ್ರಶ್ನೆ: ನನ್ನ ಮಗನಿಗೆ ಹತ್ತು ವರ್ಷ. ಒಂದು ಕಾರ್ಯಕ್ರಮದಲ್ಲಿ ಅವನಿಗೆ ತುಂಬಾ ಇಷ್ಟದ ಕಲಾವಿದರ ಹತ್ತಿರ ತನ್ನ ಚಿತ್ರ ಹಿಡಿದು ಹೋದ. ಅವರು ತಲೆ ಎತ್ತಿಯೂ ನೋಡಲಿಲ್ಲ. ಅವತ್ತಿನಿಂದ ಪೆನ್ಸಿಲ್ ಮುಟ್ಟಿಲ್ಲ.
— ತಾಯಿ, ಶ್ರೀರಂಗಪಟ್ಟಣ

ಉತ್ತರ: ಆ ಮಗುವಿನ ನೋವು ದೊಡ್ಡದಮ್ಮ, "ಅಷ್ಟಕ್ಕೆಲ್ಲ ಅಳಬಾರದು" ಅಂತ ಹೇಳಬೇಡಿ. ಚಿತ್ರಕಾರರಲ್ಲಿ ಬಹಳ ಜನ ಒಬ್ಬರೇ ಕೂತು ಕೆಲಸ ಮಾಡುವವರು. ಗುಂಪಿನ ಮಧ್ಯೆ ತಬ್ಬಿಬ್ಬಾಗುತ್ತಾರೆ, ತಲೆ ತಗ್ಗಿಸಿ ಸಹಿ ಹಾಕುತ್ತಲೇ ಹೋಗುತ್ತಾರೆ. ಮಗುವಿನ ಮುಖ ನೋಡದಿರುವುದು ತಪ್ಪೇ. ಆದರೆ ಅವರು ಅವನ ಚಿತ್ರವನ್ನು ನೋಡಿ ಬೇಡ ಅಂದದ್ದಲ್ಲ, ನೋಡಲೇ ಇಲ್ಲ. ಈ ವ್ಯತ್ಯಾಸವನ್ನು ಅವನಿಗೆ ಬಿಡಿಸಿ ಹೇಳಿ. ಆ ಕಲಾವಿದರ ಪುಸ್ತಕವನ್ನು ಅವನಿಂದ ಕಿತ್ತುಕೊಳ್ಳಬೇಡಿ. ಅವನು ಪ್ರೀತಿಸಿದ ಗೆರೆ ಅಲ್ಲಿಯೇ ಇದೆ.

ಪೆನ್ಸಿಲ್ ಹಿಡಿ ಅಂತ ಬಲವಂತ ಬೇಡ. ಒಂದು ಸಂಜೆ ದರಿಯಾ ದೌಲತ್‌ಗೆ ಕರೆದುಕೊಂಡು ಹೋಗಿ. ಟಿಪ್ಪು 1784ರಲ್ಲಿ ಕಟ್ಟಿಸಿದ ಆ ಅರಮನೆಯ ಪಶ್ಚಿಮದ ಗೋಡೆಯಲ್ಲಿ 1780ರ ಪೊಳ್ಳಿಲೂರು ಯುದ್ಧವಿದೆ. ಸ್ಫೋಟಿಸುವ ಮದ್ದುಗುಂಡಿನ ಬಂಡಿಯನ್ನೂ ಪಲ್ಲಕ್ಕಿಯಲ್ಲಿ ಕೂತ ಬ್ರಿಟಿಷ್ ದಳಪತಿ ಬೈಲಿಯನ್ನೂ ಮಗನೇ ಹುಡುಕಲಿ. ನಿಜಾಮನ ಸೇನೆಯ ಬಳಿ ಹಸು, ಹಂದಿ ಬರೆದು ಅವನನ್ನು ಅಣಕಿಸಿರುವ ಜಾಗವೂ ಇದೆ, ಅಲ್ಲಿ ಮಗ ಖಂಡಿತ ನಗುತ್ತಾನೆ. ಆಮೇಲೆ ಅವನಾಗಿ ಕೇಳಿದರೆ ಹಾಳೆ ಕೊಡಿ.

ಪ್ರಶ್ನೆ: ಕಲಾವಿದರು ಸಿಕ್ಕಾಗ ನನ್ನ ಮುಖ ಬರೆದುಕೊಡಿ ಅಂತ ಕೇಳಬಹುದಾ? ಪುಕ್ಕಟೆಯಾ?
— ಮೇಲುಕೋಟೆ

ಉತ್ತರ: ಕೇಳಬಹುದು, ಪುಕ್ಕಟೆಯಾಗಿ ಅಲ್ಲ. ಮೊದಲು ದರ ಕೇಳಿ, ಒಪ್ಪಿಗೆಯಾದರೆ ಬರೆಸಿಕೊಳ್ಳಿ, ಹಣವನ್ನು ಆಗಲೇ ಕೊಟ್ಟುಬಿಡಿ. ಸಹಿ ಮತ್ತು ದಿನಾಂಕ ಹಾಕಿಸಿಕೊಳ್ಳುವುದನ್ನು ಮರೆಯಬೇಡಿ. ಅದರ ಫೋಟೊ ಯಾರಿಗಾದರೂ ಕಳಿಸುವಾಗ ಸಹಿಯ ಭಾಗ ಕತ್ತರಿಸಬೇಡಿ.